ಹೊಗೆಗೆ ದಾರಿ ಬಾಯಲ್ಲೇ

ಹಿಂದಿನ ಅಧ್ಯಾಯದಲ್ಲಿ ಪಿಜ್ಜಾ ಒಲೆಯ ಗುಮ್ಮಟ ಕಟ್ಟಿ ಮುಗಿಸಿದೆವು. ಇನ್ನು ಉಳಿದದ್ದು ಹೊಗೆಕೊಳವೆ ಮತ್ತು ಡ್ಯಾಂಪರ್. ಕೊಳವೆ ಎಂದರೆ ಹೊಗೆಯನ್ನು ತಲೆಯ ಮೇಲಕ್ಕೆ ಸಾಗಿಸುವ ಪೈಪು. ಡ್ಯಾಂಪರ್ ಎಂದರೆ ಆ ಪೈಪಿನೊಳಗೆ ಕಂಬಿಯೊಂದರ ಮೇಲೆ ತಿರುಗುವ ಬಿಲ್ಲೆ. ವಿವರಣೆ ಇಷ್ಟೇ. ತಕರಾರು ಶುರುವಾಗುವುದು ಪೈಪನ್ನು ಎಲ್ಲಿ ಕೂರಿಸಬೇಕು ಎಂಬಲ್ಲಿ.

ಒಲೆ ಕಟ್ಟಲು ಹೊರಟವರಲ್ಲಿ ಹತ್ತಕ್ಕೆ ಎಂಟು ಮಂದಿ ಗುಮ್ಮಟದ ನೆತ್ತಿಗೋ ಹಿಂಬದಿಗೋ ತೂತು ಕೊರೆಯಲು ಸಿದ್ಧರಾಗಿ ಬರುತ್ತಾರೆ. ಅವರ ತರ್ಕ ತಪ್ಪೆಂದು ತೋರುವುದೇ ಇಲ್ಲ: ಹೊಗೆ ಮೇಲಕ್ಕೆ ಹೋಗುತ್ತದೆ, ಆದ್ದರಿಂದ ತೂತು ಮೇಲಿರಬೇಕು. ನಮ್ಮ ಕಣ್ಣಿಗೆ ಅಭ್ಯಾಸವಾಗಿರುವ ಒಲೆಗಳೂ ಹಾಗೇ ಇವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಅಸ್ತ್ರ ಒಲೆಯನ್ನೇ ನೋಡಿ. ಅದರಲ್ಲಿ ಬೆಂಕಿ ಮುಚ್ಚಿದ ಗೂಡಿನೊಳಗೆ ಉರಿಯುತ್ತದೆ. ಗಾಳಿ ಒಂದು ಕಡೆಯಿಂದ ನುಗ್ಗಿ, ಪಾತ್ರೆಗಳ ತಳ ಸವರಿ, ಇನ್ನೊಂದು ಕಡೆಯ ಕೊಳವೆಯಿಂದ ಹೊರಗೆ ಹೋಗುತ್ತದೆ. ಅಡುಗೆಗೆ ಅದು ಸೊಗಸಾದ ಏರ್ಪಾಡು. ಪಿಜ್ಜಾ ಒಲೆಯ ಕೆಲಸವೇ ಬೇರೆ. ಅಲ್ಲಿ ಕಾಯಬೇಕಾದದ್ದು ಪಾತ್ರೆಯಲ್ಲ, ಗುಮ್ಮಟದ ಇಟ್ಟಿಗೆ. ನೇಪಲ್ಸ್ ಮಾದರಿಯ ಪಿಜ್ಜಾ 60ರಿಂದ 90 ಸೆಕೆಂಡಿನಲ್ಲಿ ಬೇಯುತ್ತದೆ. ತಳವನ್ನು ಬೇಯಿಸುವುದು 400 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಹಾಸುಗಲ್ಲು, ಮೇಲ್ಭಾಗವನ್ನು ಬೇಯಿಸುವುದು ಅದಕ್ಕಿಂತಲೂ ಹೆಚ್ಚು ಕಾದ ಗುಮ್ಮಟ ಸೂಸುವ ಶಾಖ. ಬಿಸಿ ಅನಿಲ ಒಂದಿಷ್ಟು ಹೊತ್ತು ಒಳಗೆ ನಿಲ್ಲದೆ ಗುಮ್ಮಟ ಕಾಯುವುದು ಹೇಗೆ?

ಅದಕ್ಕೇ ಈ ಒಲೆಗೆ ಒಂದೇ ಬಾಯಿ. ತಣ್ಣನೆಯ ಗಾಳಿ ಬಾಯಿಯ ಕೆಳಭಾಗದಿಂದ ನೆಲ ಹಿಡಿದು ಒಳಗೆ ಹರಿಯುತ್ತದೆ. ಬೆಂಕಿಯನ್ನು ಮುಟ್ಟಿ ಕಾದು ಮೇಲೇಳುತ್ತದೆ, ಗುಮ್ಮಟದ ಒಳಮೈಗೆ ತಾಗಿ ಹೊರಳುತ್ತದೆ, ಕೊನೆಗೆ ಅದೇ ಬಾಯಿಯ ಮೇಲ್ಭಾಗದಿಂದ ಹೊರಬೀಳುತ್ತದೆ. ಬಾಯಿಯ ಮೇಲಂಚಿಗಿಂತ ಎತ್ತರದಲ್ಲಿರುವ ಗುಮ್ಮಟದ ಜಾಗದಲ್ಲಿ ಬಿಸಿ ಅನಿಲ ಸದಾ ತುಂಬಿಕೊಂಡಿರುತ್ತದೆ. ನೆತ್ತಿಗೆ ತೂತು ಹೊಡೆದಿರೋ, ತುಂಬಿದ ಕೊಡದ ತಳಕ್ಕೆ ಮೊಳೆ ಹೊಡೆದ ಹಾಗೆ. ಸೌದೆ ಸುಡುತ್ತಲೇ ಇರುತ್ತೀರಿ, ಪಿಜ್ಜಾದ ಮೇಲಿನ ಚೀಸ್ ಮಾತ್ರ ಬೆಪ್ಪಾಗಿ ನೋಡುತ್ತಿರುತ್ತದೆ. ಆದ್ದರಿಂದ ಕೊಳವೆ ಕೂರಬೇಕಾದದ್ದು ಗುಮ್ಮಟದ ಹೊರಗೆ, ಬಾಯಿಯ ಮುಂದೆ ಕಟ್ಟುವ ಚಿಕ್ಕ ಪಡಸಾಲೆಯ ಮೇಲೆ.

ಬಾಯಿಯ ಎತ್ತರಕ್ಕೂ ಒಂದು ಲೆಕ್ಕವಿದೆ. ಅದು ಗುಮ್ಮಟದ ಒಳ ಎತ್ತರದ ಶೇ. 63ರಷ್ಟಿರಬೇಕು ಎನ್ನುತ್ತಾರೆ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ಹಳೆಯ ಮಣ್ಣಿನ ರೊಟ್ಟಿ ಒಲೆಗಳನ್ನು ಅಳೆದು ನೋಡಿದಾಗ ಸಿಕ್ಕ ಅಳತೆ ಇದು. ಸೂತ್ರ ಗೊತ್ತಿಲ್ಲದ ರೈತರು ಕಟ್ಟಿಯೇ ಕಂಡುಕೊಂಡದ್ದು ಎಂಬುದು ನನಗೆ ಈ ವಿಷಯದಲ್ಲಿ ಅತ್ಯಂತ ಖುಷಿ ಕೊಡುವ ಸಂಗತಿ. ಗುಮ್ಮಟ 16 ಅಂಗುಲವಿದ್ದರೆ ಬಾಯಿ 10 ಅಂಗುಲ. ಅದಕ್ಕಿಂತ ಎತ್ತರವಾದರೆ ಶಾಖ ಸೋರುತ್ತದೆ, ತಗ್ಗಾದರೆ ಬೆಂಕಿಗೆ ಉಸಿರು ಸಾಲದು.

ಈಗ ನನ್ನ ಮೆಚ್ಚಿನ ವಿಷಯಕ್ಕೆ ಬರುತ್ತೇನೆ. ಕೊಳವೆ ಹೊಗೆಯನ್ನು ‘ಎಳೆಯುತ್ತದೆ’ ಎಂದು ಎಲ್ಲರೂ ಹೇಳುತ್ತೇವೆ. ನಿಜವಾಗಿ ಕೊಳವೆಗೆ ಎಳೆಯುವ ಶಕ್ತಿಯೇ ಇಲ್ಲ, ಹೊರಗಿನ ತಣ್ಣನೆಯ ಗಾಳಿ ತಳ್ಳುತ್ತದೆ. 27 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 1.18 ಕಿಲೋ ತೂಗುತ್ತದೆ. 327 ಡಿಗ್ರಿಗೆ ಕಾಯಿಸಿದರೆ ಅಷ್ಟೇ ಜಾಗದ ಗಾಳಿಯ ತೂಕ ಅರ್ಧಕ್ಕಿಳಿಯುತ್ತದೆ. ಕೊಳವೆಯೊಳಗಿನ ಹಗುರ ಗಾಳಿಗೂ ಹೊರಗಿನ ಭಾರದ ಗಾಳಿಗೂ ಇರುವ ಈ ವ್ಯತ್ಯಾಸವೇ ಎಳೆತದ ಬಂಡವಾಳ. ಒಂದು ಮೀಟರ್ ಎತ್ತರದ ಕೊಳವೆಯಲ್ಲಿ ಅದು ಆರು ಪಾಸ್ಕಲ್‌ಗಿಂತ ತುಸು ಕಡಿಮೆ, ಅಂದರೆ ಅರ್ಧ ಮಿಲಿಮೀಟರಿಗಿಂತ ಕೊಂಚ ಹೆಚ್ಚು ನೀರು ಒತ್ತುವಷ್ಟು. ಇಷ್ಟು ಬಡ ಬಂಡವಾಳದಲ್ಲಿ ಸಂಸಾರ ನಡೆಯಬೇಕಾದ್ದರಿಂದ ಒಂದು ಅನಗತ್ಯ ತಿರುವು, ಮುರಿದ ಮೂಲೆ, ಒಳಗೆ ಚಾಚಿದ ಗಾರೆಯ ಮುದ್ದೆ ಕೂಡ ದುಬಾರಿ.

ಎಳೆತ ಸಾಲದೆಂದು ಜನ ಮೊದಲು ಮಾಡುವುದು ಪೈಪನ್ನು ಉದ್ದ ಮಾಡುವುದು. ಎತ್ತರ ಎರಡು ಪಟ್ಟಾದರೆ ಹೊಗೆಯ ವೇಗ ಎರಡು ಪಟ್ಟಾಗುವುದಿಲ್ಲ, ಹೆಚ್ಚೆಂದರೆ 1.4 ಪಟ್ಟು. ಅದರಲ್ಲೂ ಉದ್ದ ಪೈಪಿನಲ್ಲಿ ಹೊಗೆ ತಣ್ಣಗಾಗಿ ಲಾಭ ಕರಗುತ್ತದೆ. ಅಗಲ ಮಾಡಿದರೆ ಕಥೆ ಬೇರೆ: 6 ಅಂಗುಲದ ಬದಲು 8 ಅಂಗುಲದ ಪೈಪು ಹಾಕಿದರೆ ಹರಿಯುವ ಜಾಗ ಹೆಚ್ಚುಕಡಿಮೆ 1.8 ಪಟ್ಟಾಗುತ್ತದೆ. ಬೆಂಕಿಗೂಡುಗಳ ಹಳೆಯ ನಿಯಮದಂತೆ ಕೊಳವೆಯ ಅಡ್ಡಕೊಯ್ತ ಬಾಯಿಯ ವಿಸ್ತೀರ್ಣದ ಹತ್ತನೇ ಒಂದು ಭಾಗವಿದ್ದರೆ ಸಾಕು. 18 ಅಂಗುಲ ಅಗಲ, 10 ಅಂಗುಲ ಎತ್ತರದ ಬಾಯಿಗೆ 18 ಚದರ ಅಂಗುಲ. ಆದರೆ ಆ ನಿಯಮ ಮನೆಯ ಮಾಡು ದಾಟುವ ಎತ್ತರದ ಕೊಳವೆಗೆ ಹೇಳಿದ್ದು. ನಮ್ಮದು ಮೂರ್ನಾಲ್ಕು ಅಡಿಯದು. ಹಾಗಾಗಿ 28 ಚದರ ಅಂಗುಲ ಕೊಡುವ 6 ಅಂಗುಲದ ಪೈಪು ಹಾಕಿ. ಗುಮ್ಮಟದ ಒಳವ್ಯಾಸ ಮೂರು ಅಡಿ ದಾಟಿದರೆ 8 ಅಂಗುಲ.

ಪೈಪಿಗಿಂತಲೂ ಮುಖ್ಯ ಅದರ ಬುಡದ ಲಾಳಿಕೆ. ಬಾಯಿಯಿಂದ ಹೊರಬರುವ ಹೊಗೆ ಅಡ್ಡಕ್ಕೆ ನುಗ್ಗುತ್ತಿರುತ್ತದೆ, ಅದನ್ನು ಹಿಡಿದು ಮೇಲಕ್ಕೆ ತಿರುಗಿಸಬೇಕು. ಪಡಸಾಲೆಯ ಚಾವಣಿಯನ್ನು ಚಪ್ಪಟೆಯಾಗಿ ಕಟ್ಟಿ ನಡುವೆ ದುಂಡು ತೂತು ಬಿಟ್ಟರೆ ಹೊಗೆ ಚಾವಣಿಗೆ ಬಡಿದು ನಿಮ್ಮ ಮುಖಕ್ಕೆ ಬರುತ್ತದೆ. ನಾಲ್ಕೂ ಕಡೆಯಿಂದ ಓರೆಯಾಗಿ ಕಿರಿದಾಗುತ್ತ ಹೋಗುವ ಲಾಳಿಕೆ ಕಟ್ಟಿ. ಪಡಸಾಲೆಯ ಹೊರಗಿನ ಕಮಾನು ಲಾಳಿಕೆಯ ಅಂಚಿಗಿಂತ ಕೆಳಕ್ಕೆ ಇಳಿದಿರಲಿ. 1790ರ ದಶಕದಲ್ಲಿ ವಿಜ್ಞಾನಿ ಕೌಂಟ್ ರಮ್‌ಫೋರ್ಡ್ ಲಂಡನ್ನಿನ ಹೊಗೆ ಕಾರುವ ಬೆಂಕಿಗೂಡುಗಳನ್ನು ಸರಿಪಡಿಸಿದ್ದು ಕೊಳವೆ ಬೆಳೆಸಿ ಅಲ್ಲ, ಅದರ ಗಂಟಲನ್ನು ನಾಲ್ಕು ಅಂಗುಲಕ್ಕೆ ಕಿರಿದು ಮಾಡಿ, ಒಳಗಿನ ಅಂಕುಡೊಂಕು ನುಣುಪಾಗಿಸಿ.

ಯಾವ ಪೈಪು? ಸ್ಟೇನ್‌ಲೆಸ್ ಸ್ಟೀಲ್ ಅಥವಾ ಸುಟ್ಟ ಮಣ್ಣಿನದು. ಜಿಐ ಬೇಡ. ಅದರ ಮೈಮೇಲಿನ ಸತು 419 ಡಿಗ್ರಿಗೆ ಕರಗುತ್ತದೆ, ಬೆಂಕಿ ಜೋರಾದಾಗ ಕೊಳವೆಯ ಬುಡ ಆ ಬಿಸಿ ಮುಟ್ಟಬಲ್ಲದು. ಕಲ್ನಾರಿನ ಸಿಮೆಂಟ್ ಪೈಪಂತೂ ಬೇಡವೇ ಬೇಡ: ಕಾದರೆ ಸಿಡಿಯುತ್ತದೆ, ಅದರ ನಾರು ಶ್ವಾಸಕೋಶಕ್ಕೆ ಕೇಡು. ಸ್ಟೀಲ್ ಪೈಪನ್ನು ಗಾರೆಯಲ್ಲಿ ಬಿಗಿಯಾಗಿ ಹುಗಿಯಬೇಡಿ. 300 ಡಿಗ್ರಿ ಕಾದರೆ ಒಂದು ಮೀಟರ್ ಪೈಪು ಐದು ಮಿಲಿಮೀಟರ್ ಉದ್ದವಾಗುತ್ತದೆ, ಸುತ್ತಲೂ ಉಬ್ಬುತ್ತದೆ. ಇಟ್ಟಿಗೆ ಅಷ್ಟು ಹಿಗ್ಗುವುದಿಲ್ಲ, ಬಿರುಕು ಬಿಡುತ್ತದೆ. ಪೈಪಿನ ಸುತ್ತ ಬೆರಳು ದಪ್ಪದ ಸಂದು ಬಿಟ್ಟು ಸೆರಾಮಿಕ್ ಹಗ್ಗ ತುಂಬಿ. ತುದಿಗೆ ಮಳೆಟೋಪಿ ಬೇಕು, ಪೈಪಿನ ಬಾಯಿಗೂ ಟೋಪಿಗೂ ನಡುವೆ ವ್ಯಾಸದ ಅರ್ಧದಷ್ಟಾದರೂ ತೆರಪಿರಲಿ.

ಇನ್ನು ಡ್ಯಾಂಪರ್. ಶಾಖ ಹಿಡಿದಿಡಲು ಡ್ಯಾಂಪರ್ ಬೇಕೆಂದು ಬಹುತೇಕರ ನಂಬಿಕೆ. ಕೊಳವೆ ಬಾಯಿಯ ಹೊರಗಿದ್ದು, ಬಾಗಿಲು ಒಳಬಾಯಿಗೆ ಕೂರುವಂತಿದ್ದರೆ ಶಾಖ ಹಿಡಿಯುವುದು ಬಾಗಿಲೇ. ಡ್ಯಾಂಪರ್ ಆಗ ಗಾಳಿಯ ದಿನ ಎಳೆತ ತಗ್ಗಿಸಲು, ಒಲೆ ಹಚ್ಚದ ದಿನಗಳಲ್ಲಿ ಹಕ್ಕಿ ಗೂಡು ಕಟ್ಟದಂತೆ ತಡೆಯಲು, ಅಷ್ಟೇ. ಬಾಗಿಲು ಹೊರ ಕಮಾನಿಗೆ ಕೂರುವ ಒಲೆಗೆ ಮಾತ್ರ ಅದು ಅನಿವಾರ್ಯ, ಇಲ್ಲದಿದ್ದರೆ ರಾತ್ರಿಯೆಲ್ಲ ಶಾಖ ಕೊಳವೆಯಿಂದ ಹೋಗುತ್ತದೆ.

ಹಾಕುವುದಾದರೆ ಲಾಳಿಕೆಯ ಸ್ವಲ್ಪ ಮೇಲೆ, ಕೈಗೆಟಕುವಲ್ಲಿ ಹಾಕಿ. ಹಿಡಿಕೆ ಬಿಲ್ಲೆಯ ದಿಕ್ಕಿಗೇ ಇರಲಿ: ಹಿಡಿಕೆ ನೆಟ್ಟಗಿದ್ದರೆ ದಾರಿ ತೆರೆದಿದೆ ಎಂದರ್ಥ. ಬಿಲ್ಲೆ ಪೈಪಿಗಿಂತ ಸುತ್ತಲೂ ಮೂರು ಮಿಲಿಮೀಟರಾದರೂ ಚಿಕ್ಕದಿರಲಿ, ಕಾದು ಹಿಗ್ಗಿದಾಗ ಸಿಕ್ಕಿಕೊಳ್ಳಬಾರದು. ಹಿಡಿಕೆಯನ್ನು ಅರ್ಧ ತಿರುಗಿಸಿದರೆ ದಾರಿ ಅರ್ಧ ಉಳಿಯುತ್ತದೆಂದು ಭಾವಿಸಬೇಡಿ. 30 ಡಿಗ್ರಿ ಓರೆಯಾದಾಗಲೇ ಅರ್ಧ ಮುಚ್ಚಿರುತ್ತದೆ, 45ಕ್ಕೆ ಉಳಿಯುವುದು ಮೂರರಲ್ಲೊಂದು ಭಾಗಕ್ಕಿಂತ ಕಡಿಮೆ. ಕೆಂಡ ಇರುವಾಗ ಪೂರ್ತಿ ಮುಚ್ಚಲೇಬೇಡಿ. ಕೆಂಡ ಉಗುಳುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅಂಗಳವೆಂದು ಧೈರ್ಯಪಟ್ಟರೂ ಅಡುಗೆಮನೆಯ ಕಿಟಕಿ ಪಕ್ಕದಲ್ಲೇ ಇದ್ದೀತು.

ಮೊದಲ ಸಲ ಹಚ್ಚುವಾಗ ಲಾಳಿಕೆಯ ಕೆಳಗೆ ಒಂದೆರಡು ಕಾಗದ ಉರಿಸಿ ಕೊಳವೆಯನ್ನು ಬಿಸಿ ಮಾಡಿ. ತಣ್ಣನೆಯ ಕೊಳವೆಗೆ ಎಳೆತವಿರುವುದಿಲ್ಲ. ಆಮೇಲೆ ಊದುಕಡ್ಡಿಯೊಂದನ್ನು ಬಾಯಿಯಲ್ಲಿ ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಸರಿಸಿ: ಕೆಳಗೆ ಹೊಗೆ ಒಳಕ್ಕೆ ಬಾಗುತ್ತದೆ, ಮೇಲೆ ಹೊರಕ್ಕೆ, ನಡುವೆ ಒಂದು ಕಡೆ ಯಾವ ಕಡೆಗೂ ಹೋಗದೆ ತಡವರಿಸುತ್ತದೆ. ಆ ಗೆರೆಯನ್ನು ಒಮ್ಮೆ ಕಂಡವರು ನೆತ್ತಿಗೆ ತೂತು ಕೊರೆಯುವ ಮಾತೆತ್ತುವುದಿಲ್ಲ.

ಕೊನೆಗೊಂದು ಕೋರಿಕೆ. ಕ್ವಿಬೆಕ್‌ನವರು ತಮ್ಮ ಒಲೆಗಳನ್ನು ಅಳೆದು ಬರೆದಿಟ್ಟರು. ನಮ್ಮೂರುಗಳಲ್ಲಿ ಸೌದೆ ಉರಿಸುವ ಹಳೆಯ ಬೇಕರಿ ಭಟ್ಟಿಗಳು ಅಲ್ಲಲ್ಲಿ ಇನ್ನೂ ಉಳಿದಿವೆ, ವಿದ್ಯುತ್ ಅವನ್ ಬಂದಂತೆ ಒಂದೊಂದಾಗಿ ನೆಲಸಮವಾಗುತ್ತಿವೆ. ನಿಮ್ಮ ಊರಿನಲ್ಲಿ ಅಂಥದೊಂದಿದ್ದರೆ, ಭಟ್ಟಿ ಆರಿದ ದಿನ ಮಾಲೀಕರನ್ನು ಕೇಳಿಕೊಂಡು ಟೇಪು ಹಿಡಿದು ಹೋಗಿ. ಒಳ ಎತ್ತರ, ಬಾಯಿಯ ಎತ್ತರ, ಕೊಳವೆ ಎಲ್ಲಿದೆ, ಎಷ್ಟು ಅಗಲ ಎಂದು ಬರೆದಿಡಿ. ಕಟ್ಟಿದ ಮೇಸ್ತ್ರಿ ಬದುಕಿದ್ದರೆ ಅವರನ್ನು ಮಾತಾಡಿಸಿ.