ಅಪ್‌ಡೇಟ್ ಆದಮೇಲೆ ಸ್ಕ್ರಿಪ್ಟ್ ನಿಂತಿತೇ? ಮೊದಲು ಎರರ್ ಸಂಖ್ಯೆ ಓದಿ

ದಿನವೂ ಸಂಜೆ ಬಿಲ್ಲುಗಳನ್ನೆಲ್ಲ ತಾನೇ ಪಿಡಿಎಫ್ ಮಾಡಿ ಫೋಲ್ಡರಿಗೆ ಸೇರಿಸುತ್ತಿದ್ದ ಆ್ಯಪಲ್‌ಸ್ಕ್ರಿಪ್ಟ್, ಮ್ಯಾಕ್‌ಓಎಸ್ ಅಪ್‌ಡೇಟ್ ಆದ ಮರುದಿನ ಸದ್ದಿಲ್ಲದೆ ನಿಂತುಬಿಡುತ್ತದೆ. ಸ್ಕ್ರಿಪ್ಟಿನಲ್ಲಿ ಒಂದಕ್ಷರವೂ ಬದಲಾಗಿರುವುದಿಲ್ಲ. ಆದರೂ ಎಷ್ಟೋ ಜನ ಗಾಬರಿಯಲ್ಲಿ ಮೊದಲು ಕೈ ಹಾಕುವುದು ಕೋಡಿಗೇ. ಒಂದು ಸಾಲು ತಿದ್ದಿ, ಇನ್ನೊಂದನ್ನು ಅಳಿಸಿ, ಸರಿಯಾಗಿದ್ದುದನ್ನೂ ಕೆಡಿಸಿಕೊಳ್ಳುತ್ತಾರೆ.

ಅಪ್‌ಡೇಟ್ ಪೆಟ್ಟು ಕೊಡುವುದು ಸಾಮಾನ್ಯವಾಗಿ ಮೂರೇ ಕಡೆ: ಅನುಮತಿ, ಹೆಸರು ಮತ್ತು ವಿಳಾಸ, ಪರದೆಯ ರಚನೆ. ಎಲ್ಲಿ ಪೆಟ್ಟು ಬಿದ್ದಿದೆ ಎಂಬುದನ್ನು ಎರರ್ ಸಂಖ್ಯೆಯೇ ಬಹುಮಟ್ಟಿಗೆ ಹೇಳುತ್ತದೆ. ಅದನ್ನು ಓದಿಕೊಂಡರೆ ದುರಸ್ತಿಯ ಅರ್ಧ ಕೆಲಸ ಮುಗಿದಂತೆ.

ಎರರ್ ಕಣ್ಣಿಗೆ ಬೀಳಬೇಕಾದರೆ

ಅನೇಕ ಸ್ಕ್ರಿಪ್ಟುಗಳಲ್ಲಿ ‘ಟ್ರೈ’ ಬ್ಲಾಕ್ ಇರುತ್ತದೆ. ತಪ್ಪು ಬಂದರೂ ಅದು ನುಂಗಿಕೊಂಡು ಮುಂದೆ ಹೋಗುತ್ತದೆ. ಹುಡುಕಾಟದ ಹೊತ್ತಿನಲ್ಲಿ ಅದನ್ನು ತೆಗೆದಿಡಿ, ಇಲ್ಲವೇ ‘ಆನ್ ಎರರ್’ ಭಾಗದಲ್ಲಿ ಸಂದೇಶ ಮತ್ತು ಸಂಖ್ಯೆ ಎರಡನ್ನೂ ಒಂದು ಫೈಲಿಗೆ ಬರೆಸಿ. ಹೆಚ್ಚಾಗಿ ಎದುರಾಗುವ ಸಂಖ್ಯೆಗಳು ಇವು:

-1743: ಒಂದು ಆ್ಯಪ್ ಇನ್ನೊಂದಕ್ಕೆ ಆಜ್ಞೆ ಕೊಡಲು ಅನುಮತಿ ಇಲ್ಲ.
-25211: ಪರದೆಯ ಮೇಲಿನ ಬಟನ್, ಮೆನುಗಳನ್ನು ನಿಯಂತ್ರಿಸುವ ಆ್ಯಕ್ಸೆಸಿಬಿಲಿಟಿ ಅನುಮತಿ ಇಲ್ಲ.
1002: ಕೀಲಿ ಒತ್ತಿದಂತೆ ಸಂಕೇತ ಕಳುಹಿಸಲು ಅನುಮತಿ ಇಲ್ಲ.
-1728 ಮತ್ತು -1719: ಹೇಳಿದ ವಸ್ತು ಹೇಳಿದ ಜಾಗದಲ್ಲಿ ಸಿಗಲಿಲ್ಲ.
127: ಶೆಲ್ ಕಮಾಂಡ್ ಸಿಗಲಿಲ್ಲ.

ಮೊದಲ ಮೂರು ಅನುಮತಿಯ ತೊಂದರೆಗಳು. ಅವಕ್ಕೆ ಕೋಡ್ ಮುಟ್ಟುವ ಅಗತ್ಯವೇ ಇಲ್ಲ.

ಅನುಮತಿ ಯಾರ ಹೆಸರಿನಲ್ಲಿದೆ?

ಆ್ಯಪಲ್‌ಸ್ಕ್ರಿಪ್ಟ್ ಬಂದದ್ದು 1993ರಲ್ಲಿ. ಮುಂದೆ ಎರಡು ದಶಕಕ್ಕೂ ಹೆಚ್ಚು ಕಾಲ ಒಂದು ಆ್ಯಪ್ ಇನ್ನೊಂದನ್ನು ಕೇಳದೆಯೇ ನಡೆಸಬಹುದಿತ್ತು. 2018ರ ಮೊಹಾವೆ ಆವೃತ್ತಿ ಅದಕ್ಕೆ ಬಾಗಿಲು ಹಾಕಿತು: ಯಾವ ಆ್ಯಪ್ ಯಾವುದಕ್ಕೆ ಆಜ್ಞೆ ಕೊಡಬಹುದು ಎಂದು ಬಳಕೆದಾರರನ್ನು ಜೋಡಿ ಜೋಡಿಯಾಗಿ ಕೇಳತೊಡಗಿತು. 2019ರ ಕ್ಯಾಟಲಿನಾ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಫೋಲ್ಡರುಗಳಿಗೂ ಪರದೆಯ ರೆಕಾರ್ಡಿಂಗಿಗೂ ಅನುಮತಿ ಕಡ್ಡಾಯ ಮಾಡಿತು. ಬಳಕೆದಾರರ ಖಾಸಗಿತನಕ್ಕೆ ಇದು ಬೇಕಾದ ರಕ್ಷಣೆಯೇ. ಆದ್ದರಿಂದ ಅದನ್ನು ತಪ್ಪಿಸುವ ದಾರಿ ಹುಡುಕುವ ಬದಲು ಅದರ ನಿಯಮ ತಿಳಿದುಕೊಳ್ಳುವುದೇ ಲೇಸು.

ಮುಖ್ಯ ನಿಯಮ ಇದು: ಅನುಮತಿ ಸಿಗುವುದು ಸ್ಕ್ರಿಪ್ಟ್ ಫೈಲಿಗಲ್ಲ, ಅದನ್ನು ಓಡಿಸುವ ಆ್ಯಪ್‌ಗೆ. ಸ್ಕ್ರಿಪ್ಟ್ ಎಡಿಟರಿನಲ್ಲಿ ಓಡಿಸಿದರೆ ಎಡಿಟರಿನ ಅನುಮತಿ ಲೆಕ್ಕಕ್ಕೆ ಬರುತ್ತದೆ, ಟರ್ಮಿನಲ್‌ನಿಂದ ಓಡಿಸಿದರೆ ಟರ್ಮಿನಲ್‌ನದು. ರಾತ್ರಿ ನಿಗದಿತ ಹೊತ್ತಿಗೆ ಕೆಲಸ ನಡೆಸುವ ಕ್ರಾನ್ ಅದನ್ನು ಓಡಿಸಿದರೆ ಟರ್ಮಿನಲ್‌ಗೆ ಕೊಟ್ಟ ಅನುಮತಿ ಕೆಲಸಕ್ಕೆ ಬಾರದು. ಕೈಯಾರೆ ಓಡಿಸಿದಾಗ ಸಲೀಸಾಗಿ ನಡೆಯುವ ಸ್ಕ್ರಿಪ್ಟ್ ಹೊತ್ತು ನಿಗದಿ ಮಾಡಿದಾಗ ಮಾತ್ರ ಕೈಕೊಡುವುದು ಹೆಚ್ಚಾಗಿ ಇದರಿಂದಲೇ. ಹಾಗಾಗಿ ಸ್ಕ್ರಿಪ್ಟ್ ನಿಜವಾಗಿ ಓಡುವ ದಾರಿಯಲ್ಲೇ ಅದನ್ನು ಪರೀಕ್ಷಿಸಿ.

ಸಿಸ್ಟಮ್ ಸೆಟ್ಟಿಂಗ್ಸ್‌ನ ‘ಪ್ರೈವಸಿ ಆ್ಯಂಡ್ ಸೆಕ್ಯುರಿಟಿ’ ವಿಭಾಗದಲ್ಲಿ ಆ್ಯಕ್ಸೆಸಿಬಿಲಿಟಿ, ಆಟೊಮೇಷನ್, ಫುಲ್ ಡಿಸ್ಕ್ ಆ್ಯಕ್ಸೆಸ್ ಪಟ್ಟಿಗಳನ್ನು ನೋಡಿ. ಸ್ವಿಚ್ ಆನ್ ಆಗಿದ್ದರೂ ಕೆಲಸ ಆಗದಿದ್ದರೆ ಆಶ್ಚರ್ಯಪಡಬೇಕಿಲ್ಲ. ಅನುಮತಿಯು ಆ್ಯಪ್‌ನ ಡಿಜಿಟಲ್ ಸಹಿಗೆ ಅಂಟಿಕೊಂಡಿರುತ್ತದೆ. ಸಹಿ ಬದಲಾದರೆ ಹಳೆಯ ನಮೂದು ಹೆಸರಿಗಷ್ಟೇ ಉಳಿಯುತ್ತದೆ. ಆ್ಯಕ್ಸೆಸಿಬಿಲಿಟಿ ಪಟ್ಟಿಯಲ್ಲಿ ಮೈನಸ್ ಒತ್ತಿ ಆ್ಯಪ್ ತೆಗೆದು, ಪ್ಲಸ್ ಒತ್ತಿ ಮತ್ತೆ ಸೇರಿಸಿ. ಆಟೊಮೇಷನ್ ಪಟ್ಟಿಯಲ್ಲಿ ಪ್ಲಸ್ ಬಟನ್ ಇಲ್ಲ. ಅಲ್ಲಿ ಟರ್ಮಿನಲ್‌ನ ‘ಟಿಸಿಸಿಯುಟಿಲ್’ ಕಮಾಂಡ್‌ನಿಂದ ಆ್ಯಪಲ್‌ ಈವೆಂಟ್ಸ್ ಅನುಮತಿಗಳನ್ನು ರೀಸೆಟ್ ಮಾಡಿ, ಸ್ಕ್ರಿಪ್ಟನ್ನು ಮತ್ತೊಮ್ಮೆ ಓಡಿಸಬೇಕು. ಅನುಮತಿ ಕೇಳುವ ಸಂದೇಶ ಹೊಸದಾಗಿ ಬರುತ್ತದೆ. ಆ ಹೊತ್ತಿಗೆ ‘ಅಲೋ’ ಒತ್ತಲು ಯಾರಾದರೂ ಪರದೆಯ ಮುಂದೆ ಇರಬೇಕು.

ಹೆಸರು ಬದಲಾಯಿತು, ವಿಳಾಸ ಬದಲಾಯಿತು

ಕ್ಯಾಟಲಿನಾ ಬಂದಾಗ ಐಟ್ಯೂನ್ಸ್ ಹೋಗಿ ಮ್ಯೂಸಿಕ್ ಬಂತು. 2022ರ ವೆಂಚುರಾದಲ್ಲಿ ಸಿಸ್ಟಮ್ ಪ್ರಿಫರೆನ್ಸಸ್ ಎಂಬ ಹೆಸರು ಸಿಸ್ಟಮ್ ಸೆಟ್ಟಿಂಗ್ಸ್ ಆಯಿತು. ಹಳೆಯ ಹೆಸರನ್ನೇ ನೆಚ್ಚಿಕೊಂಡಿದ್ದ ಸಾಲುಗಳು ಅಲ್ಲಲ್ಲೇ ಎಡವಿದವು. ಇಂಥ ಕಡೆ ಆ್ಯಪ್‌ನ ಕಾಣುವ ಹೆಸರಿಗಿಂತ ಅದರ ಒಳಗುರುತಾದ ಬಂಡಲ್ ಐಡಿ ಬಳಸುವುದು ಭದ್ರ. ಸೆಟ್ಟಿಂಗ್ಸ್ ಎಂದು ಹೆಸರು ಬದಲಾದರೂ ಅದರ ಬಂಡಲ್ ಐಡಿಯಲ್ಲಿ ‘ಸಿಸ್ಟಮ್‌ಪ್ರಿಫರೆನ್ಸಸ್’ ಎಂಬುದೇ ಉಳಿದಿದೆ.

ಶೆಲ್ ಕಮಾಂಡುಗಳ ಕಥೆಯೂ ಇದೇ. 2022ರ ಮಾರ್ಚ್‌ನಲ್ಲಿ ಬಂದ ಮಾಂಟರೇ 12.3, ಮ್ಯಾಕ್ ಜೊತೆಗೇ ಬರುತ್ತಿದ್ದ ಪೈಥಾನ್ 2.7 ಅನ್ನು ತೆಗೆದುಹಾಕಿತು. ಅದನ್ನೇ ಕರೆಯುತ್ತಿದ್ದ ಸ್ಕ್ರಿಪ್ಟುಗಳಿಗೆ 127 ಉತ್ತರವಾಗಿ ಬಂತು. ಇದಕ್ಕೆ ಪೈಥಾನ್ 3 ಹಾಕಿಕೊಳ್ಳುವುದೊಂದೇ ಸಾಲದು. 2ರಲ್ಲಿ ಬರೆದ ಕೋಡ್ 3ರಲ್ಲಿ ಹಾಗೆಯೇ ಓಡುವುದಿಲ್ಲ, ಅದನ್ನೂ ತಿದ್ದಬೇಕು. ಹಳೆಯ ಇಂಟೆಲ್ ಮ್ಯಾಕ್‌ನಿಂದ ಆ್ಯಪಲ್ ಸಿಲಿಕಾನ್ ಮ್ಯಾಕ್‌ಗೆ ಬಂದವರಿಗೆ ಇನ್ನೊಂದು ತೊಡಕು: ಹೋಮ್‌ಬ್ರೂ ಮೂಲಕ ಹಾಕಿಕೊಂಡ ಸಲಕರಣೆಗಳು ಇಂಟೆಲ್‌ನಲ್ಲಿ ‘ಯುಎಸ್‌ಆರ್’ ಒಳಗಿನ ‘ಲೋಕಲ್’ ಫೋಲ್ಡರಿನಲ್ಲಿದ್ದರೆ ಹೊಸದರಲ್ಲಿ ‘ಆಪ್ಟ್’ ಒಳಗಿನ ‘ಹೋಮ್‌ಬ್ರೂ’ ಫೋಲ್ಡರಿನಲ್ಲಿವೆ. ಆ್ಯಪಲ್‌ಸ್ಕ್ರಿಪ್ಟಿನ ‘ಡೂ ಶೆಲ್ ಸ್ಕ್ರಿಪ್ಟ್’ ಇವೆರಡರಲ್ಲಿ ಯಾವುದನ್ನೂ ತಾನಾಗಿ ಹುಡುಕುವುದಿಲ್ಲ. ಆದ್ದರಿಂದ ಕಮಾಂಡಿನ ಪೂರ್ಣ ವಿಳಾಸ ಬರೆಯುವುದೇ ಸರಿ.

ಆವೃತ್ತಿ ಸಂಖ್ಯೆ ನೋಡಿ ದಾರಿ ಆರಿಸುವ ಸ್ಕ್ರಿಪ್ಟುಗಳಲ್ಲೂ ಎಚ್ಚರ ಬೇಕು. 2020ರ ಬಿಗ್ ಸರ್‌ನಲ್ಲಿ ಸಂಖ್ಯೆ 10ರಿಂದ 11ಕ್ಕೆ ಹೋಯಿತು. 2025ರಲ್ಲಿ ಬಂದ ಟಾಹೋದಲ್ಲಿ 15ರಿಂದ ಒಮ್ಮೆಲೇ 26ಕ್ಕೆ ಜಿಗಿಯಿತು. ಅಕ್ಷರಗಳಂತೆ ಹೋಲಿಸಿದರೆ 10.9 ಎಂಬುದು 10.10ಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಬಿಡಿ ಬಿಡಿ ಸಂಖ್ಯೆಗಳಾಗಿ ಹೋಲಿಸಿ.

ಪರದೆ ನಂಬಿ ಕಟ್ಟಿದ ಕೆಲಸ

ಅತ್ಯಂತ ಹೆಚ್ಚು ಪೆಟ್ಟು ತಿನ್ನುವುದು ‘ಮೊದಲ ವಿಂಡೋದ ಎರಡನೇ ಗುಂಪಿನ ಮೂರನೇ ಬಟನ್ ಒತ್ತು’ ಎಂಬ ಬಗೆಯ ಸ್ಕ್ರಿಪ್ಟ್. ಇದು ಗುರುತು ಹೇಳದೆ ‘ಎಡಗಡೆಯ ಮೂರನೇ ಮನೆ’ ಎಂದು ವಿಳಾಸ ಕೊಟ್ಟಂತೆ. ನಡುವೆ ಒಂದು ಹೊಸ ಮನೆ ಎದ್ದರೆ ಸಾಕು, ಕಾಗದ ಬೇರೆಯವರ ಕೈಗೆ ಹೋಗುತ್ತದೆ. ಬಿಗ್ ಸರ್‌ನಲ್ಲಿ ಮೆನುಬಾರಿನ ವೈಫೈ, ಧ್ವನಿ ಚಿಹ್ನೆಗಳು ಕಂಟ್ರೋಲ್ ಸೆಂಟರ್ ಎಂಬ ಬೇರೆ ಪ್ರಕ್ರಿಯೆಯ ವಶಕ್ಕೆ ಹೋದವು. ವೆಂಚುರಾದಲ್ಲಿ ಸೆಟ್ಟಿಂಗ್ಸ್ ವಿಂಡೋದ ಒಳರಚನೆಯೇ ಹೊಸದಾಯಿತು.

ಇಲ್ಲಿ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ಈ ಕೆಲಸಕ್ಕೆ ಬಟನ್ ಒತ್ತಲೇಬೇಕೇ? ಡಾರ್ಕ್ ಮೋಡ್ ಬದಲಿಸಲು ಸೆಟ್ಟಿಂಗ್ಸ್ ತೆರೆಯಬೇಕಿಲ್ಲ, ಸಿಸ್ಟಮ್ ಈವೆಂಟ್ಸ್‌ನ ‘ಅಪಿಯರೆನ್ಸ್ ಪ್ರಿಫರೆನ್ಸಸ್’ ಮೂಲಕ ನೇರವಾಗಿ ಹೇಳಬಹುದು. ವೈಫೈ ಆರಿಸಿ ಹಚ್ಚಲು ‘ನೆಟ್‌ವರ್ಕ್‌ಸೆಟಪ್’ ಕಮಾಂಡ್ ಇದೆ. ಮಾಂಟರೇಯಿಂದ ಈಚೆಗೆ ಶಾರ್ಟ್‌ಕಟ್ಸ್ ಆ್ಯಪ್ ಇದೆ, ಅದನ್ನು ಟರ್ಮಿನಲ್‌ನಿಂದಲೂ ಓಡಿಸಬಹುದು. ಇಂಥ ನೇರ ದಾರಿಗಳು ಪರದೆಯ ವಿನ್ಯಾಸ ಬದಲಾದರೂ ಸಾಮಾನ್ಯವಾಗಿ ನಡೆಯುತ್ತವೆ.

ನೇರ ದಾರಿ ಇಲ್ಲದಿದ್ದರೆ ಎಕ್ಸ್‌ಕೋಡ್ ಜೊತೆ ಬರುವ ಆ್ಯಕ್ಸೆಸಿಬಿಲಿಟಿ ಇನ್‌ಸ್ಪೆಕ್ಟರ್ ತೆರೆದು ಬಟನ್ ಈಗ ಎಲ್ಲಿದೆ, ಅದರ ಗುರುತೇನು ಎಂದು ನೋಡಿ. ಕ್ರಮಸಂಖ್ಯೆಯ ಬದಲು ಹೆಸರು ಅಥವಾ ವಿವರಣೆಯಿಂದ ಹುಡುಕಿಸಿ. ಸಿಸ್ಟಮ್ ಭಾಷೆ ಬದಲಾದರೆ ಮೆನುವಿನ ಹೆಸರೂ ಬದಲಾಗುತ್ತದೆ ಎಂಬುದು ನೆನಪಿರಲಿ. ‘ಎರಡು ಸೆಕೆಂಡ್ ಕಾಯು’ ಎನ್ನುವುದಕ್ಕಿಂತ ‘ಈ ವಿಂಡೋ ಕಾಣುವವರೆಗೆ ಕಾಯು, ಹತ್ತು ಸೆಕೆಂಡಾದರೂ ಕಾಣದಿದ್ದರೆ ನಿಲ್ಲು’ ಎನ್ನುವುದು ಮೇಲು.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಮಾತು. ‘ಕೀಸ್ಟ್ರೋಕ್’ ಆಜ್ಞೆ ಆಗ ಚಾಲ್ತಿಯಲ್ಲಿರುವ ಕೀಬೋರ್ಡ್ ವಿನ್ಯಾಸವನ್ನು ಅವಲಂಬಿಸಿದೆ. ಆ ವಿನ್ಯಾಸದಲ್ಲಿ ಇಲ್ಲದ ಅಕ್ಷರಗಳನ್ನು ಅದು ಸರಿಯಾಗಿ ಮೂಡಿಸಲಾರದು. ಕನ್ನಡ ಪಠ್ಯವನ್ನು ಕ್ಲಿಪ್‌ಬೋರ್ಡಿಗೆ ಹಾಕಿ, ಕಮಾಂಡ್ ಕೀಲಿಯೊಂದಿಗೆ ಕೀ ಕೋಡ್ 9 ಕಳುಹಿಸಿ ಪೇಸ್ಟ್ ಮಾಡಿಸಿ. ಕೀ ಕೋಡ್ ಎಂದರೆ ಕೀಲಿಮಣೆಯ ಮೇಲಿನ ಜಾಗ, ಅದು ಭಾಷೆ ಬದಲಾದರೂ ಬದಲಾಗದು.

ಮ್ಯಾಕ್ ಇಲ್ಲದವರಿಗೂ

ಮೂರು ಕಡೆ ಹುಡುಕುವ ಕ್ರಮ ಬೇರೆ ಕಡೆಯೂ ನಡೆಯುತ್ತದೆ. ವಿಂಡೋಸ್‌ನ ವಿಬಿಸ್ಕ್ರಿಪ್ಟ್ ಅನ್ನು ಕ್ರಮೇಣ ಕೈಬಿಡುವುದಾಗಿ ಮೈಕ್ರೋಸಾಫ್ಟ್ 2023ರಲ್ಲಿ ಪ್ರಕಟಿಸಿತು. ಕಚೇರಿಗಳಲ್ಲಿ ಉಳಿದಿರುವ ಆ ಸ್ಕ್ರಿಪ್ಟುಗಳನ್ನು ಪವರ್‌ಶೆಲ್‌ಗೆ ಈಗಲೇ ಸಾಗಿಸಬೇಕು. ಲಿನಕ್ಸ್‌ನಲ್ಲಿ ಎಕ್ಸ್11 ಜಾಗಕ್ಕೆ ವೇಲ್ಯಾಂಡ್ ಬಂದ ಮೇಲೆ, ಕೀಲಿ ಮತ್ತು ಮೌಸ್ ಒತ್ತಿಸಲು ‘ಎಕ್ಸ್‌ಡೂಟೂಲ್’ ನಂಬಿದವರು ‘ವೈಡೂಟೂಲ್’ನಂಥ ಬದಲಿ ನೋಡಿಕೊಳ್ಳಬೇಕಾಗಿದೆ.

ಮುಂದಿನ ಅಪ್‌ಡೇಟ್‌ಗೆ ಮೊದಲು

ಪ್ರತಿ ಸ್ಕ್ರಿಪ್ಟಿನ ತಲೆಯಲ್ಲಿ ನಾಲ್ಕು ಸಾಲು ಟಿಪ್ಪಣಿ ಬರೆದಿಡಿ: ಯಾರು ಓಡಿಸುತ್ತಾರೆ, ಯಾವ ಅನುಮತಿ ಬೇಕು, ಯಾವ ಹೊರಗಿನ ಕಮಾಂಡ್ ಕರೆಯುತ್ತದೆ, ಯಾವ ಆವೃತ್ತಿಯಲ್ಲಿ ಕೊನೆಯದಾಗಿ ಪರೀಕ್ಷಿಸಿದ್ದು. ಕೆಲಸ ಶುರು ಮಾಡುವ ಮುನ್ನ ಬೇಕಾದ ಆ್ಯಪ್, ಫೋಲ್ಡರ್, ಕಮಾಂಡ್ ಇವೆಯೇ ಎಂದು ಸ್ಕ್ರಿಪ್ಟೇ ನೋಡಿಕೊಂಡು, ಇಲ್ಲದಿದ್ದರೆ ಸ್ಪಷ್ಟವಾಗಿ ಹೇಳಿ ನಿಲ್ಲಲಿ. ದೊಡ್ಡ ಅಪ್‌ಡೇಟನ್ನು ಮೊದಲು ಬೇರೊಂದು ಮ್ಯಾಕ್‌ನಲ್ಲಿ, ಇಲ್ಲವೇ ಬೇರೆ ಡಿಸ್ಕಿನಲ್ಲಿ ಹಾಕಿ ನೋಡಿ. ಅರ್ಧ ಕೆಲಸ ಮಾಡಿ ಮೌನವಾಗುವ ಸ್ಕ್ರಿಪ್ಟಿನಿಂದ ಲೆಕ್ಕ ತಪ್ಪುತ್ತದೆ, ಬಿಲ್ಲು ಕಳೆಯುತ್ತದೆ, ಅದು ತಿಳಿಯುವ ಹೊತ್ತಿಗೆ ತಿಂಗಳು ಕಳೆದಿರುತ್ತದೆ. ಏನು ಸಿಗಲಿಲ್ಲ ಎಂದು ಹೇಳಿ ನಿಂತ ಸ್ಕ್ರಿಪ್ಟನ್ನು ಅದೇ ಬೆಳಿಗ್ಗೆ ಸರಿಪಡಿಸಬಹುದು.