ಘಟಪ್ರಭೆಯ ಬಯಲಲ್ಲಿ ಕಥೊಲಿಕ ಶಾಲೆ: ವಿಶ್ವಾಸದ ಬದುಕು ಯಾರಿಗಾಗಿ, ಹೇಗೆ?

ಘಟ್ಟದ ಮೇಲಿನ ಊರುಗಳಲ್ಲಿ ಸೇವೆ ಸಲ್ಲಿಸುವ ಧರ್ಮಗುರುಗಳು ಮತ್ತು ಧರ್ಮಭಗಿನಿಯರು ರಜೆಯಲ್ಲಿ ಊರಿಗೆ ಬಂದಾಗ ನಮ್ಮ ಜನರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಅಲ್ಲಿ ನಮ್ಮವರೇ ಇಲ್ಲವಲ್ಲ, ಮತ್ತೆ ಶಾಲೆ ಯಾಕೆ ನಡೆಸುತ್ತೀರಿ?" ಇದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ: "ಈಗಿನ ಕಾಲದಲ್ಲಿ ಶಾಲೆಯಲ್ಲಿ ಪ್ರಾರ್ಥನೆ ಮಾಡಿಸಲು ಬಿಡುತ್ತಾರೆಯೇ?" ಈ ಎರಡೂ ಪ್ರಶ್ನೆಗಳಿಗೆ ನೇರವಾದ ಉತ್ತರವನ್ನು ನಮ್ಮ ಧರ್ಮಕೇಂದ್ರಗಳ ಜನರು ತಿಳಿದಿರುವುದು ಒಳ್ಳೆಯದು. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳನ್ನೊಳಗೊಂಡ ಘಟಪ್ರಭಾ ಸೀಮೆಯನ್ನು ಮುಂದಿಟ್ಟುಕೊಂಡು ಈ ವಿಷಯವನ್ನು ಇಲ್ಲಿ ವಿವರಿಸುತ್ತಿದ್ದೇವೆ.

ಆ ಸೀಮೆ, ಆ ಜನ

ಬೆಳಗಾವಿ–ಮೀರಜ್ ರೈಲು ಮಾರ್ಗದಲ್ಲಿ ಘಟಪ್ರಭಾ ಒಂದು ನಿಲ್ದಾಣ. ಹುಕ್ಕೇರಿ ತಾಲೂಕಿನ ಹಿಡಕಲ್ ಅಣೆಕಟ್ಟೆಯ ನೀರು ಈ ಸೀಮೆಯ ಕಬ್ಬಿನ ಹೊಲಗಳಿಗೆ ಹರಿಯುತ್ತದೆ. ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆಯಂತಹ ಉದ್ದಿಮೆಗಳು ಇಲ್ಲಿವೆ. ಗೋಕಾಕ ಜಲಪಾತದ ಬಳಿಯ ಹತ್ತಿ ಗಿರಣಿ 1880ರ ದಶಕದಷ್ಟು ಹಳೆಯದು. ಹಿಂದುಸ್ತಾನಿ ಸೇವಾದಳವನ್ನು 1923ರಲ್ಲಿ ಕಟ್ಟಿದ ಡಾ. ನಾ. ಸು. ಹರ್ಡೀಕರರ ಹೆಸರೂ ಘಟಪ್ರಭೆಯೊಂದಿಗೆ ಬೆಸೆದುಕೊಂಡಿದೆ. ಸೇವೆ ಮತ್ತು ಶಿಸ್ತು ಎಂಬ ಮಾತುಗಳು ಈ ಊರಿಗೆ ಹೊಸವಲ್ಲ.

ಕ್ರೈಸ್ತರ ಸಂಖ್ಯೆ ಮಾತ್ರ ಬಹಳ ಕಡಿಮೆ. 2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ ಕ್ರೈಸ್ತರು ಶೇಕಡಾ 1.87, ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಶೇಕಡಾ 8ಕ್ಕೂ ಹೆಚ್ಚು. ಬೆಳಗಾವಿ ಜಿಲ್ಲೆಯಲ್ಲಿ ಶೇಕಡಾ 1 ಕೂಡ ಇಲ್ಲ. ನಮ್ಮಲ್ಲಿ ಒಂದು ವಾಳೆಯಲ್ಲಿ ಕಾಣುವಷ್ಟು ಕುಟುಂಬಗಳು ಅಲ್ಲಿ ಹಲವು ಊರುಗಳಲ್ಲಿ ಚದುರಿ ಹೋಗಿರುತ್ತವೆ. ಇಂತಹ ಕಡೆ ಕಥೊಲಿಕ ಶಾಲೆಯ ತರಗತಿಯೊಂದರಲ್ಲಿ ಇಬ್ಬರೋ ಮೂವರೋ ಕಥೊಲಿಕ ಮಕ್ಕಳಿದ್ದರೆ ಅದೇ ಹೆಚ್ಚು. ಉಳಿದವರೆಲ್ಲ ಲಿಂಗಾಯತ, ಕುರುಬ, ಮರಾಠ, ಜೈನ, ಮುಸ್ಲಿಂ, ದಲಿತ ಮುಂತಾದ ಮನೆಗಳ ಮಕ್ಕಳು.

ಕರಾವಳಿಗೂ ಅದಕ್ಕೂ ಏನು ನಂಟು?

ಬೆಳಗಾವಿ ಧರ್ಮಪ್ರಾಂತ್ಯವು 1953ರಲ್ಲಿ ಸ್ಥಾಪನೆಯಾಯಿತು. ಉತ್ತರ ಕನ್ನಡದ ಕರಾವಳಿಯೂ ಆಗ ಅದರ ಭಾಗವಾಗಿತ್ತು. 1976ರಲ್ಲಿ ಕಾರವಾರ ಧರ್ಮಪ್ರಾಂತ್ಯ ಪ್ರತ್ಯೇಕವಾಯಿತು. ಅಂದರೆ 23 ವರ್ಷಗಳ ಕಾಲ ಕಡಲತಡಿಯ ಮೀನುಗಾರರ ಚರ್ಚೂ ಬಯಲುಸೀಮೆಯ ಚರ್ಚೂ ಒಬ್ಬರೇ ಧರ್ಮಾಧ್ಯಕ್ಷರ ಕೆಳಗಿದ್ದವು. 2019ರಲ್ಲಿ ಕಾರವಾರದ ಬಿಷಪ್ ಅತಿ ವಂದನೀಯ ಡೆರಿಕ್ ಫೆರ್ನಾಂಡಿಸ್ ಅವರು ಬೆಳಗಾವಿಯ ಧರ್ಮಾಧ್ಯಕ್ಷರಾಗಿ ನೇಮಕಗೊಂಡಾಗ ಆ ಹಳೆಯ ನಂಟು ಮತ್ತೊಮ್ಮೆ ನೆನಪಾಯಿತು. ಶಿಕ್ಷಣದ ಪರಂಪರೆ ಇನ್ನೂ ಹಳೆಯದು. ಯೇಸುಸಭೆಯವರ ಬೆಳಗಾವಿಯ ಸಂತ ಪೌಲರ ಪ್ರೌಢಶಾಲೆ 1856ರಷ್ಟು ಹಿಂದಿನದು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು ಆರಂಭವಾದದ್ದು ಅದಾದ 24 ವರ್ಷಗಳ ಬಳಿಕ, 1880ರಲ್ಲಿ.

ಧರ್ಮಸಭೆ ಏನು ಹೇಳುತ್ತದೆ?

ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರ ಅಕ್ಟೋಬರ್ 28ರಂದು ಕ್ರೈಸ್ತ ಶಿಕ್ಷಣದ ಬಗ್ಗೆ ಒಂದು ಘೋಷಣೆಯನ್ನು ಹೊರಡಿಸಿತು. ಇತರ ಧರ್ಮಗಳೊಂದಿಗೆ ಧರ್ಮಸಭೆಯ ಸಂಬಂಧ ಹೇಗಿರಬೇಕು ಎಂಬ ಘೋಷಣೆಯೂ ಅದೇ ದಿನ ಹೊರಬಂತು. ಒಂದು ದಾಖಲೆ ನಮ್ಮ ಶಾಲೆಗಳು ಸುವಾರ್ತೆಯ ಚೈತನ್ಯದಿಂದ ತುಂಬಿರಬೇಕು ಎನ್ನುತ್ತದೆ. ಇನ್ನೊಂದು, ಇತರ ಧರ್ಮಗಳಲ್ಲಿರುವ ಸತ್ಯವಾದುದನ್ನೂ ಪವಿತ್ರವಾದುದನ್ನೂ ಧರ್ಮಸಭೆ ತಳ್ಳಿಹಾಕುವುದಿಲ್ಲ ಎನ್ನುತ್ತದೆ. ಘಟಪ್ರಭೆಯಂತಹ ಕಡೆ ಶಾಲೆ ನಡೆಸುವವರಿಗೆ ಈ ಎರಡನ್ನೂ ಒಟ್ಟಿಗೆ ಓದದೆ ಗತ್ಯಂತರವಿಲ್ಲ. ಶಿಕ್ಷಣದ ಘೋಷಣೆಗೆ 60 ವರ್ಷ ತುಂಬಿದ ಸಂದರ್ಭದಲ್ಲಿ, 2025ರ ಅಕ್ಟೋಬರ್‌ನಲ್ಲಿ ಪೋಪ್ 14ನೇ ಲಿಯೋ ಅವರು ಶಿಕ್ಷಣದ ಕುರಿತು ಪ್ರೇಷಿತ ಪತ್ರವೊಂದನ್ನು ಪ್ರಕಟಿಸಿದರು.

1988ರಲ್ಲಿ ಕಥೊಲಿಕ ಶಿಕ್ಷಣದ ವ್ಯಾಟಿಕನ್ ಮಂಡಳಿಯು ಇನ್ನೊಂದು ಮುಖ್ಯ ವಿಷಯವನ್ನು ಸ್ಪಷ್ಟಪಡಿಸಿತು. ಧಾರ್ಮಿಕ ವಿಷಯಗಳ ಪಾಠ ಬೇರೆ, ಧರ್ಮೋಪದೇಶ ಬೇರೆ. ಪಾಠವು ತಿಳಿವಳಿಕೆ ಕೊಡುತ್ತದೆ. ನಾವು ಮನೆಯಲ್ಲಿ ದೊತೊರ್ನ್ ಎಂದು ಕರೆಯುವ ಧರ್ಮೋಪದೇಶ ಹಾಗಲ್ಲ, ಅದು ವಿಶ್ವಾಸವನ್ನು ಈಗಾಗಲೇ ಸ್ವೀಕರಿಸಿದವರನ್ನು ಅದರಲ್ಲಿ ಬೆಳೆಸುವ ಕೆಲಸ. ಇವೆರಡನ್ನೂ ಬೆರೆಸಿದರೆ ಇತರ ಧರ್ಮದ ಮಕ್ಕಳಿಗೆ ಒತ್ತಾಯವಾಗುತ್ತದೆ, ನಮ್ಮ ಮಕ್ಕಳಿಗೆ ಅರೆಬರೆ ಉಪದೇಶ ಸಿಗುತ್ತದೆ. ವಿಶ್ವಾಸವನ್ನು ಅಂಗೀಕರಿಸುವಂತೆ ಯಾರನ್ನೂ ಬಲವಂತ ಮಾಡಲು ಯಾರಿಗೂ ಹಕ್ಕಿಲ್ಲ ಎಂದು ಧರ್ಮಸಭೆಯ ಕಾನೂನಿನ 748ನೇ ವಿಧಿಯೇ ಹೇಳುತ್ತದೆ.

ದೇಶದ ಕಾನೂನು ಏನು ಹೇಳುತ್ತದೆ?

ಸಂವಿಧಾನದ 30ನೇ ವಿಧಿಯು ಅಲ್ಪಸಂಖ್ಯಾತರಿಗೆ ತಮ್ಮ ಇಚ್ಛೆಯ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಕೊಟ್ಟಿದೆ. ನಮ್ಮ ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ 2002ರಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠವು, ಅಲ್ಪಸಂಖ್ಯಾತರು ಯಾರು ಎಂಬುದನ್ನು ರಾಜ್ಯವಾರು ನಿರ್ಧರಿಸಬೇಕೆಂದು ತೀರ್ಪಿತ್ತಿತು. ಆದರೆ ಇದರ ಜೊತೆಗೆ 28ನೇ ವಿಧಿಯನ್ನೂ ನೆನಪಿಡಬೇಕು. ಸರಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಯಾವ ವಿದ್ಯಾರ್ಥಿಯನ್ನೂ ಒಪ್ಪಿಗೆಯಿಲ್ಲದೆ ಧಾರ್ಮಿಕ ಬೋಧನೆಗಾಗಲಿ ಪೂಜೆಗಾಗಲಿ ಹಾಜರಾಗುವಂತೆ ಮಾಡುವಂತಿಲ್ಲ. ಚಿಕ್ಕ ಮಕ್ಕಳಾದರೆ ಪೋಷಕರ ಒಪ್ಪಿಗೆ ಬೇಕು.

ಭಾರತದ ಕಥೊಲಿಕ ಬಿಷಪರ ಸಮ್ಮೇಳನವಾದ ಸಿಬಿಸಿಐ 2024ರಲ್ಲಿ ನಮ್ಮ ಶಾಲೆಗಳಿಗೆ ಕೊಟ್ಟ ಮಾರ್ಗಸೂಚಿಯೂ ಇದೇ ದಾರಿಯದು. ಇತರ ಧರ್ಮದ ಮಕ್ಕಳ ಮೇಲೆ ನಮ್ಮ ಧಾರ್ಮಿಕ ಸಂಪ್ರದಾಯಗಳನ್ನು ಹೇರಬಾರದು, ಬೆಳಗಿನ ಸಭೆಯಲ್ಲಿ ಸಂವಿಧಾನದ ಪೀಠಿಕೆಯನ್ನು ಓದಿಸಬೇಕು, ಸಾಧ್ಯವಿದ್ದಲ್ಲಿ ಸರ್ವಧರ್ಮ ಪ್ರಾರ್ಥನಾ ಕೋಣೆ ಇರಬೇಕು ಎಂದು ಅದು ಸೂಚಿಸಿತು. ಇದರಿಂದ ನಮ್ಮ ಗುರುತು ಅಳಿಸಿ ಹೋಗುತ್ತದೆ ಎಂದು ಭಯಪಟ್ಟವರೂ ಇದ್ದಾರೆ. ಆ ಭಯಕ್ಕೆ ಕಾರಣವಿಲ್ಲ ಎಂಬುದು ನಮ್ಮ ಅನಿಸಿಕೆ. ಹೇರಬಾರದು ಎಂದರೆ ಬದುಕಬಾರದು ಎಂದು ಅರ್ಥವಲ್ಲ.

ಮೂರು ವಲಯಗಳು

ಇಂತಹ ಶಾಲೆಯ ವಿಶ್ವಾಸದ ಬದುಕನ್ನು ಮೂರು ವಲಯಗಳಾಗಿ ನೋಡಿದರೆ ವಿಷಯ ಸುಲಭವಾಗುತ್ತದೆ.

ಮೊದಲನೆಯದು ಎಲ್ಲರಿಗೂ ಸೇರಿದ್ದು. ಬೆಳಗಿನ ಸಭೆ, ನಾಡಗೀತೆ, ಪೀಠಿಕೆ, ಒಂದು ನಿಮಿಷದ ಮೌನ, ಎಲ್ಲರೂ ಒಪ್ಪುವಂತಹ ದೇವರ ಪ್ರಾರ್ಥನೆ. ಕಾಯಿಲೆ ಬಿದ್ದ ಸಹಪಾಠಿಯ ಹೆಸರು ಹೇಳಿ ಎಲ್ಲರೂ ಮೌನವಾಗಿ ನಿಂತರೆ ಅದೂ ಪ್ರಾರ್ಥನೆಯೇ.

ಎರಡನೆಯದು ನೀತಿಪಾಠ. ಕಥೊಲಿಕ ಮಕ್ಕಳು ಧರ್ಮೋಪದೇಶಕ್ಕೆ ಹೋಗುವ ಅವಧಿಯಲ್ಲಿ ಉಳಿದ ಮಕ್ಕಳಿಗೆ ಇದು ನಡೆಯುತ್ತದೆ. ಇದನ್ನು ಹೊತ್ತು ಕಳೆಯುವ ಪೀರಿಯಡ್ ಮಾಡಿದರೆ ದೊಡ್ಡ ನಷ್ಟ. ಬಸವಣ್ಣನವರ ಕಾಯಕ, ಕಬೀರರ ಬದುಕು, ಒಳ್ಳೆಯ ಸಮಾರಿತನ ಸಾಮತಿ ಇವೆಲ್ಲ ಇಲ್ಲಿ ಒಟ್ಟಿಗೆ ಬರಬಹುದು. ಶಾಲೆ ಬಿಟ್ಟು 20 ವರ್ಷವಾದರೂ ಹಳೆ ವಿದ್ಯಾರ್ಥಿಗಳಿಗೆ ನೆನಪಿರುವುದು ಹೆಚ್ಚಾಗಿ ಇಂತಹ ಕಥೆಗಳೇ.

ಮೂರನೆಯದು ಕಥೊಲಿಕ ಮಕ್ಕಳಿಗೆ ಮಾತ್ರ ಸೇರಿದ್ದು: ಧರ್ಮೋಪದೇಶ, ಪ್ರಥಮ ಪರಮಪ್ರಸಾದದ ಸಿದ್ಧತೆ, ಪಾಪನಿವೇದನೆ, ಮೊದಲ ಶುಕ್ರವಾರದ ಬಲಿಪೂಜೆ, ಅಕ್ಟೋಬರ್‌ನ ಜಪಮಾಲೆ. ನಮ್ಮಲ್ಲಿ ಭಾನುವಾರ ಪೂಜೆಯ ನಂತರ ತರಗತಿವಾರು ಧರ್ಮೋಪದೇಶ ನಡೆಯುತ್ತದೆ. ಅಲ್ಲಿ ಒಬ್ಬರೇ ಗುರುಗಳು ಹಲವು ಊರುಗಳ ಕುಟುಂಬಗಳನ್ನು ನೋಡಿಕೊಳ್ಳಬೇಕಾದಾಗ ಭಾನುವಾರದ ತರಗತಿ ಸುಲಭವಲ್ಲ. ಹಾಗಾಗಿ ಶಾಲೆಯ ವಾರದ ಆ ಒಂದೆರಡು ಅವಧಿಗಳೇ ಹಲವು ಮಕ್ಕಳಿಗೆ ಸಿಗುವ ಧರ್ಮೋಪದೇಶ. ಮೂರನೇ ತರಗತಿಯ ಮಗುವೂ ಎಂಟನೇ ತರಗತಿಯ ಹುಡುಗನೂ ಒಂದೇ ಬೆಂಚಿನಲ್ಲಿ ಕುಳಿತು ಕಲಿಯಬೇಕಾಗುತ್ತದೆ. ದೊಡ್ಡವರಿಂದ ಚಿಕ್ಕವರಿಗೆ ಪ್ರಾರ್ಥನೆ ಹೇಳಿಸಿದರೆ ಇದೇ ಕೊರತೆ ಲಾಭವೂ ಆಗಬಲ್ಲದು.

ಪಂಚಾಂಗ ಬೇರೆ, ಹಬ್ಬ ಒಂದೇ

ಕರಾವಳಿಯಿಂದ ಹೋದವರು ಅಲ್ಲಿ ಮೊದಲು ಕಲಿಯಬೇಕಾದದ್ದು ಆ ನೆಲದ ಕಾಲಮಾನವನ್ನು. ಸೆಪ್ಟೆಂಬರ್ 8ರಂದು ನಾವು ಮೋಂತಿ ಫೆಸ್ತ್ ಆಚರಿಸಿ ಹೊಸ ಭತ್ತದ ತೆನೆಯನ್ನು ಆಶೀರ್ವದಿಸುತ್ತೇವೆ. ಬಯಲುಸೀಮೆಯಲ್ಲಿ ಅದು ಹಿಂಗಾರಿ ಜೋಳದ ಬಿತ್ತನೆಗೆ ಹೊಲ ಹದ ಮಾಡುವ ಹೊತ್ತು. ಅಲ್ಲಿನ ರೈತ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಬಂಧುಬಳಗದೊಂದಿಗೆ ಬುತ್ತಿ ಉಣ್ಣುವುದು ಎಳ್ಳ ಅಮಾವಾಸ್ಯೆಗೆ. ಕನ್ಯಾ ಮರಿಯಮ್ಮನವರ ಜನ್ಮದಿನದಂದು ಬಿತ್ತನೆಯ ಬೀಜವನ್ನು ಆಶೀರ್ವದಿಸಿ, ಸುಗ್ಗಿಯಲ್ಲಿ ಜೋಳದ ತೆನೆಯನ್ನು ಪೀಠದ ಮುಂದೆ ತಂದರೆ ಹಬ್ಬದ ಅರ್ಥ ಅಲ್ಲಿನ ಮಗುವಿಗೂ ತಟ್ಟುತ್ತದೆ. ಕ್ರಿಸ್ಮಸ್‌ಗೆ ನಮ್ಮ ಕುಸ್ವಾರಿನ ಜೊತೆ ಗೋಕಾಕದ ಕರದಂಟೂ ತಟ್ಟೆಯಲ್ಲಿರಲಿ. ಗೋಕಾಕದ ಕುಶಲಕರ್ಮಿಗಳು ಬಣ್ಣದ ಗೊಂಬೆಗಳಿಗೆ ಹೆಸರಾದವರು. ಗೋದಲಿಯಲ್ಲಿ ಅವರ ಕೈಯ ಕುರಿ, ಎತ್ತುಗಳಿದ್ದರೆ ಬೆತ್ಲೆಹೇಮ್ ದೂರದ ಊರಾಗಿ ಉಳಿಯುವುದಿಲ್ಲ.

ಶಾಲಾ ವರ್ಷವೂ ಕೆಲವು ಕಷ್ಟಗಳನ್ನು ಒಡ್ಡುತ್ತದೆ. ತಪಸ್ಸುಕಾಲ ಬರುವುದು ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹೊತ್ತಿಗೆ. ಜಪಮಾಲೆಯ ತಿಂಗಳಲ್ಲಿ ದಸರಾ ರಜೆ. ಕಬ್ಬು ಕಡಿಯುವ ಕಾಲದಲ್ಲಿ ಕೂಲಿ ಕುಟುಂಬಗಳ ಮಕ್ಕಳು ತರಗತಿಯಿಂದ ಮಾಯವಾಗುತ್ತಾರೆ. ಆ ಮಗು ಎಲ್ಲಿ ಹೋಯಿತು ಎಂದು ವಿಚಾರಿಸಲು ಸಂಜೆ ಅವರ ಗುಡಿಸಲಿನ ತನಕ ನಡೆಯುವ ಶಿಕ್ಷಕಿ ಮಾಡುವುದೂ ವಿಶ್ವಾಸದ ಕೆಲಸವೇ. ಅಲ್ಲಿನ ಜನ ಶಿಕ್ಷಕಿಯನ್ನು 'ಅಕ್ಕೋರು' ಎಂದು ಕರೆಯುತ್ತಾರೆ. ಅಕ್ಕ ಎಂಬ ಆ ಮಾತಿಗೆ ತಕ್ಕಂತೆ ಬದುಕುವುದು ಸಣ್ಣ ಹೊಣೆಯಲ್ಲ.

ನೋಡು, ವಿವೇಚಿಸು, ನಡೆ

ಮಕ್ಕಳ ಸಂಘಟನೆಗಳಲ್ಲಿ ವೈಸಿಎಸ್ ನಮ್ಮ ಓದುಗರಿಗೆ ಪರಿಚಿತ. ಕಥೊಲಿಕರಲ್ಲದ ವಿದ್ಯಾರ್ಥಿಗಳೂ ಸೇರಲು ಸಾಧ್ಯವಾಗುವಂತೆ ಭಾರತದಲ್ಲಿ ಅದರ ಜೊತೆ ವೈಎಸ್‌ಎಂ ಎಂಬ ಹೆಸರೂ ಇದೆ. ಬೆಲ್ಜಿಯಂನ ಗುರು, ಮುಂದೆ ಕಾರ್ಡಿನಲ್ ಆದ ಜೋಸೆಫ್ ಕಾರ್ಡಿನ್ ಅವರು ಯುವ ಕಾರ್ಮಿಕರ ನಡುವೆ ರೂಪಿಸಿದ 'ನೋಡು, ವಿವೇಚಿಸು, ನಡೆ' ಎಂಬ ಕ್ರಮವೇ ಇದರ ಜೀವಾಳ.

ಇದು ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಒಂದು ಉದಾಹರಣೆ. 2019ರ ಆಗಸ್ಟ್‌ನಲ್ಲಿ ಘಟಪ್ರಭಾ ನದಿ ಉಕ್ಕಿ ಗೋಕಾಕ ನಗರದ ಭಾಗಗಳೂ ಲೋಳಸೂರ ಸೇತುವೆಯೂ ಮುಳುಗಿದವು. ಇಂತಹ ವಿಪತ್ತಿನ ಮುಂದೆ ಮಕ್ಕಳ ಗುಂಪು ಮೊದಲು ನೋಡುತ್ತದೆ: ನಮ್ಮ ತರಗತಿಯಲ್ಲಿ ಯಾರ ಮನೆಗೆ ನೀರು ನುಗ್ಗಿದೆ, ಯಾರ ಪುಸ್ತಕ ಹೋಗಿದೆ? ನಂತರ ವಿವೇಚಿಸುತ್ತದೆ: ಹೊಳೆಯ ಅಂಚಿನಲ್ಲಿ ಬಡವರ ಮನೆಗಳೇ ಏಕಿವೆ, ಯೇಸುಸ್ವಾಮಿ ಇಲ್ಲಿದ್ದಿದ್ದರೆ ಯಾರ ಬಳಿಗೆ ಹೋಗುತ್ತಿದ್ದರು? ಕೊನೆಗೆ ನಡೆಯುತ್ತದೆ: ನೋಟ್ಸು ಬರೆದುಕೊಡುವುದು, ಸಮವಸ್ತ್ರ ಹಂಚಿಕೊಳ್ಳುವುದು, ಕೆಸರು ಬಳಿಯುವುದು. ಹರ್ಡೀಕರರ ಸೇವಾದಳದ ನೆನಪಿರುವ ಸೀಮೆಯಲ್ಲಿ ಇಂತಹ ಚಟುವಟಿಕೆಯನ್ನು ಯಾರೂ ಸಂಶಯದಿಂದ ನೋಡುವುದಿಲ್ಲ.

ಅಪಾಯ ಎಲ್ಲಿದೆ?

ಎರಡು ಅಪಾಯಗಳಿವೆ. ಶಾಲೆಗೆ ಒಳ್ಳೆಯ ಹೆಸರು ಬಂದು ಪ್ರವೇಶಕ್ಕೆ ಸಾಲು ನಿಂತಾಗ ಫಲಿತಾಂಶ ಮತ್ತು ಶುಲ್ಕಗಳೇ ಮುಖ್ಯವಾಗಿ, ಬಡ ಮಗು ಗೇಟಿನ ಹೊರಗೆ ಉಳಿಯುವುದು ಮೊದಲನೆಯದು. ಆಗ ಗೋಡೆಯ ಮೇಲಿನ ಶಿಲುಬೆ ಅಲ್ಲೇ ಇರುತ್ತದೆ, ಆದರೆ ಅದು ಏನನ್ನೂ ಹೇಳುವುದಿಲ್ಲ. ಎರಡನೆಯದು, ತರಗತಿಗೆ ಇಬ್ಬರೇ ಇರುವ ಕಥೊಲಿಕ ಮಕ್ಕಳು ಹಿಂಜರಿದು, ತಮ್ಮ ವಿಶ್ವಾಸವನ್ನು ಮುಚ್ಚಿಟ್ಟುಕೊಳ್ಳಲು ಕಲಿಯುವುದು. ಎಲ್ಲರನ್ನೂ ಗೌರವಿಸುವ ಭರದಲ್ಲಿ ನಾವು ಅವರನ್ನೇ ಮರೆಯಬಾರದು. ಸಹಪಾಠಿಯ ಹಬ್ಬಕ್ಕೆ ಸಂತೋಷದಿಂದ ಹೋಗಿ ಬಂದು, ತನ್ನ ಹಬ್ಬಕ್ಕೆ ಅವನನ್ನು ಧೈರ್ಯವಾಗಿ ಕರೆಯುವ ಮಗುವನ್ನು ಬೆಳೆಸಿದರೆ ಶಾಲೆ ಗೆದ್ದಂತೆ.

ನಾವೇನು ಮಾಡಬಹುದು?

ಧರ್ಮೋಪದೇಶಕರು ಸರಿಯಾದ ಬೋಧನೆ, ಕ್ರೈಸ್ತ ಬದುಕಿನ ಸಾಕ್ಷಿ, ಕಲಿಸುವ ಕೌಶಲ ಈ ಮೂರರಲ್ಲೂ ಯೋಗ್ಯರಾಗಿರಬೇಕು ಎಂದು ಧರ್ಮಸಭೆಯ ಕಾನೂನಿನ 804ನೇ ವಿಧಿ ಬಯಸುತ್ತದೆ. ಅಂತಹವರು ನಮ್ಮ ಧರ್ಮಕೇಂದ್ರಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನಿವೃತ್ತ ಶಿಕ್ಷಕರು ಬೇಸಿಗೆಯಲ್ಲಿ ಎರಡು ವಾರ ಅಲ್ಲಿ ಶಿಬಿರ ನಡೆಸಿಕೊಡಬಹುದು. ನಮ್ಮ ವೈಸಿಎಸ್ ಘಟಕಗಳು ಅಲ್ಲಿನ ಮಕ್ಕಳನ್ನು ಕಡಲು ನೋಡಲು ಕರೆಸಿ, ಮರುವರ್ಷ ತಾವೂ ಗೋಕಾಕ ಜಲಪಾತ ನೋಡಲು ಹೋಗಿ ಅವರ ಮನೆಯ ರೊಟ್ಟಿ ಉಂಡು ಬರಬಹುದು. ಕನ್ನಡದ ಮಕ್ಕಳ ಬೈಬಲ್, ಪ್ರಾರ್ಥನಾ ಪುಸ್ತಕಗಳನ್ನು ಕಳುಹಿಸಬಹುದು. ಕಳುಹಿಸುವ ಮುನ್ನ ಅಲ್ಲಿನ ಗುರುಗಳಲ್ಲಿ ಏನು ಬೇಕೆಂದು ಕೇಳುವುದು ಒಳ್ಳೆಯದು. ನಮಗೆ ಬೇಡವಾದದ್ದು ಅವರಿಗೆ ಬೇಕಾದದ್ದು ಆಗಿರಬೇಕೆಂದಿಲ್ಲ.

ಇನ್ನು ಆರಂಭದ ಪ್ರಶ್ನೆಗೆ ಉತ್ತರ. ಅಲ್ಲಿ ನಮ್ಮವರು ಇಲ್ಲವೆಂಬುದು ಸರಿಯಲ್ಲ. ಕೆಲವರಿದ್ದಾರೆ, ಅವರಿಗೆ ಆ ಶಾಲೆಯೇ ಚರ್ಚಿನ ಮುಂಬಾಗಿಲು. ಉಳಿದ ಮಕ್ಕಳೂ ಪರಕೀಯರಲ್ಲ. ಗಿರಣಿ ಕಾರ್ಮಿಕನ ಮಗಳು, ಕಬ್ಬಿನ ಗಾಡಿಯವನ ಮಗ ಓದಿ ಮೇಲೆ ಬಂದು, ನ್ಯಾಯವಾಗಿ ಬದುಕಿದರೆ ದೇವರ ರಾಜ್ಯಕ್ಕೆ ಸಂದ ಸೇವೆ ಅದು. ಮುಂದಿನ ಬಾರಿ ಆ ಕಡೆ ದುಡಿಯುವ ಧರ್ಮಭಗಿನಿಯೊಬ್ಬರು ನಿಮ್ಮ ವಾಳೆಗೆ ಬಂದಾಗ, ಶಾಲೆ ಯಾಕೆ ಎಂದು ಕೇಳುವ ಬದಲು ಈ ವರ್ಷ ಎಷ್ಟು ಮಕ್ಕಳು ಪ್ರಥಮ ಪರಮಪ್ರಸಾದ ಸ್ವೀಕರಿಸಿದರು, ಎಷ್ಟು ಮಕ್ಕಳು ಕಬ್ಬಿನ ಗದ್ದೆಯಿಂದ ಮರಳಿ ತರಗತಿಗೆ ಬಂದರು ಎಂದು ಕೇಳಿರಿ. ಅವರ ಹೆಸರು ಹೇಳಿ ನಿಮ್ಮ ಕುಟುಂಬದ ಜಪಮಾಲೆಯಲ್ಲಿ ಪ್ರಾರ್ಥಿಸಿರಿ.