ಹೊಸ ನೀರಿಗೆ ಹಳೆಯ ಹೆಪ್ಪು

ಮನೆಯ ಒಂದು ಮೂಲೆಯಲ್ಲಿ ಗಾಜಿನ ತೊಟ್ಟಿ. ಅದರೊಳಗೆ ಹಸಿರು ಜಲಸಸ್ಯಗಳ ನಡುವೆ ಸದ್ದಿಲ್ಲದೆ ಸುಳಿದಾಡುವ ಬಣ್ಣಬಣ್ಣದ ಮೀನುಗಳು. ಈ ನೋಟಕ್ಕೆ ಮನಸೋಲದವರು ವಿರಳ. ದಿನದ ದುಡಿಮೆಯಿಂದ ಬಳಲಿ ಬಂದವರು ಅದರ ಮುಂದೆ ಗಳಿಗೆ ಹೊತ್ತು ಕುಳಿತರೆ ಆಯಾಸವನ್ನು ಮರೆಯುತ್ತಾರೆ. ಆದರೆ ನಾಯಿ, ಬೆಕ್ಕುಗಳನ್ನು ಸಾಕುವುದಕ್ಕೂ ಮೀನನ್ನು ಸಾಕುವುದಕ್ಕೂ ದೊಡ್ಡ ವ್ಯತ್ಯಾಸವಿದೆ. ನಾಯಿಯು ನಾವು ಉಸಿರಾಡುವ ಗಾಳಿಯನ್ನೇ ಉಸಿರಾಡುತ್ತದೆ. ಹಸಿವಾದರೆ ಬಾಲವಾಡಿಸುತ್ತಾ ಬಂದು ಕೇಳುತ್ತದೆ. ಮೀನಾದರೋ ಕಷ್ಟವನ್ನು ಹೇಳಿಕೊಳ್ಳಲಾರದ ಜೀವಿ. ಅದರ ಊಟ, ಉಸಿರು, ವಿಸರ್ಜನೆ ಎಲ್ಲವೂ ಒಂದೇ ನೀರಿನಲ್ಲಿ. ಆದುದರಿಂದ ಮೀನನ್ನು ಸಾಕುವುದೆಂದರೆ ನಿಜವಾಗಿ ನೀರನ್ನು ಸಾಕುವುದೆಂದೇ ಹೇಳಬೇಕು. ಈ ಮಾತಿನ ಅರ್ಥ ನನಗೆ ಮನದಟ್ಟಾದುದು ನಮ್ಮ ಮನೆಯಲ್ಲಿಯೇ ನಡೆದ ಒಂದು ಪ್ರಸಂಗದಿಂದ.

ನನ್ನ ಅಣ್ಣನ ಮಗನು ಹದಿನೈದು ಲೀಟರ್ ನೀರು ಹಿಡಿಯುವ ಪುಟ್ಟ ತೊಟ್ಟಿಯಲ್ಲಿ ನಾಲ್ಕು ಗೋಲ್ಡ್ ಫಿಷ್ ಮರಿಗಳನ್ನು ಸಾಕಿಕೊಂಡಿದ್ದನು. ವರ್ಷ ತುಂಬುವುದರೊಳಗೆ ಆ ಹೊಂಬಣ್ಣದ ಮೀನುಗಳು ಬೆರಳುದ್ದಕ್ಕೆ ಬೆಳೆದು, ತಿರುಗಾಡಲು ಸ್ಥಳ ಸಾಲದಾಯಿತು. ಅವುಗಳ ಇಕ್ಕಟ್ಟನ್ನು ನೋಡಲಾರದೆ ಹುಡುಗನು ತಾನು ಕೂಡಿಟ್ಟ ಹಣದಿಂದ ನೂರು ಲೀಟರಿನ ದೊಡ್ಡ ತೊಟ್ಟಿಯೊಂದನ್ನು ತಂದನು. ಒಂದು ಭಾನುವಾರ ಗೃಹಪ್ರವೇಶದ ಸಂಭ್ರಮ! ತೊಟ್ಟಿಯನ್ನು ತಿಕ್ಕಿ ತೊಳೆದು, ಹೊಸ ಮರಳು ಹಾಸಿ, ಹೊಸ ಶೋಧಕವನ್ನು ಕೂರಿಸಿ, ನಲ್ಲಿಯ ನೀರನ್ನು ತುಂಬಿದನು. ಮೀನುಗಳಿಗೆ ಹೊಸದೆನಿಸಬಾರದೆಂದು ಹಳೆಯ ತೊಟ್ಟಿಯಿಂದ ಅರ್ಧ ಬಕೆಟ್ ನೀರನ್ನೂ ಸೇರಿಸಿದನು. ಹಳೆಯ ಶೋಧಕದ ಸ್ಪಂಜು ಕಪ್ಪಾಗಿ, ಜಿಡ್ಡುಗಟ್ಟಿ ಕಾಣುತ್ತಿದ್ದುದರಿಂದ ಅದನ್ನು ಕಸದ ಬುಟ್ಟಿಗೆ ಎಸೆದನು. ಸಂಜೆಯ ಹೊತ್ತಿಗೆ ಮೀನುಗಳು ಹೊಸ ಮನೆ ಸೇರಿದವು. ನೀರು ಕನ್ನಡಿಯಂತೆ ಹೊಳೆಯುತ್ತಿತ್ತು.

ಎರಡು ದಿನ ಎಲ್ಲವೂ ಚೆನ್ನಾಗಿಯೇ ಇದ್ದಿತು. ಮೂರನೆಯ ದಿನ ಮೀನುಗಳು ಮೇವನ್ನು ಮುಟ್ಟಲಿಲ್ಲ. ನಾಲ್ಕನೆಯ ದಿನ ಅವು ನೀರಿನ ಮೇಲ್ಮೈಗೆ ಬಂದು ಬಾಯ್ದೆರೆದು ಏದುಸಿರು ಬಿಡತೊಡಗಿದವು. ಐದನೆಯ ದಿನ ಬೆಳಗ್ಗೆ ಒಂದು ಮೀನು ಸತ್ತು ತೇಲುತ್ತಿತ್ತು, ಸಂಜೆಗೆ ಇನ್ನೊಂದು. ಹುಡುಗನು ಕಣ್ಣೀರು ತುಂಬಿಕೊಂಡು ಕೇಳಿದನು: "ಚಿಕ್ಕಪ್ಪ, ನೀರು ಇಷ್ಟು ತಿಳಿಯಾಗಿದೆಯಲ್ಲ! ಆ ಇಕ್ಕಟ್ಟಿನಲ್ಲಿ ಬದುಕಿದ್ದ ಮೀನುಗಳು ಈ ವಿಶಾಲವಾದ ಮನೆಯಲ್ಲಿ ಏಕೆ ಸತ್ತವು?"

ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬಂತೆ ತಿಳಿಯಾಗಿರುವ ನೀರೆಲ್ಲ ಮೀನಿಗೆ ಹಿತವಾದ ನೀರಲ್ಲ. ಮೀನು ತನ್ನ ಕಿವಿರುಗಳ ಮೂಲಕ ಸದಾ ಅಮೋನಿಯವನ್ನು ಹೊರಹಾಕುತ್ತಿರುತ್ತದೆ. ತಿನ್ನದೆ ಉಳಿದ ಮೇವು, ಮಲ ಮತ್ತು ಕೊಳೆತ ಎಲೆಗಳಿಂದಲೂ ಅದೇ ವಸ್ತು ಉಂಟಾಗುತ್ತದೆ. ಅಮೋನಿಯಕ್ಕೆ ಬಣ್ಣವಿಲ್ಲ, ನೀರಿನಲ್ಲಿ ಕರಗಿದರೆ ಕಣ್ಣಿಗೆ ಕಾಣುವುದಿಲ್ಲ. ಆದರೆ ಅದು ಅಲ್ಪಪ್ರಮಾಣದಲ್ಲಿದ್ದರೂ ಕಿವಿರುಗಳನ್ನು ಸುಟ್ಟು ಹಾಳುಮಾಡುವ ವಿಷ. ನದಿ, ಕೆರೆಗಳಲ್ಲಿ ಅದು ಅಪಾರ ಜಲರಾಶಿಯಲ್ಲಿ ಬೆರೆತುಹೋಗುತ್ತದೆ. ಗಾಜಿನ ನಾಲ್ಕು ಗೋಡೆಗಳ ನಡುವೆ ಅದು ಹೋಗುವುದಾದರೂ ಎಲ್ಲಿಗೆ?

ಈ ಸಮಸ್ಯೆ ಇಂದು ನಿನ್ನೆಯದಲ್ಲ. ಲಂಡನ್ನಿನ ರಸಾಯನಶಾಸ್ತ್ರಜ್ಞನಾದ ರಾಬರ್ಟ್ ವಾರಿಂಗ್ಟನ್ ಎಂಬಾತನು ದೊಡ್ಡದೊಂದು ಗಾಜಿನ ಪಾತ್ರೆಯಲ್ಲಿ ಎರಡು ಗೋಲ್ಡ್ ಫಿಷ್‌ಗಳನ್ನೂ ಒಂದು ಜಲಸಸ್ಯವನ್ನೂ ಇಟ್ಟು ಪರೀಕ್ಷಿಸಿ, 1850ರಲ್ಲಿ ತನ್ನ ಅನುಭವವನ್ನು ಪ್ರಕಟಿಸಿದನು. ಮೀನು ಬಿಡುವ ಇಂಗಾಲದ ಡೈಆಕ್ಸೈಡನ್ನು ಗಿಡವು ಬಳಸಿಕೊಳ್ಳುವುದು. ಗಿಡವು ಬಿಡುವ ಆಮ್ಲಜನಕವನ್ನು ಮೀನು ಉಸಿರಾಡುವುದು. ಆದರೆ ಕೊಳೆತ ಎಲೆಗಳಿಂದ ನೀರು ಕೆಡತೊಡಗಿತು. ಆಗ ಅವನು ಕೆಲವು ಬಸವನಹುಳುಗಳನ್ನು ಬಿಟ್ಟನು. ಅವು ಕೊಳೆತುದನ್ನು ತಿಂದು ತೇಗಿದವು. ಪಾತ್ರೆಯ ಬಾಳು ಮತ್ತೆ ಹದಕ್ಕೆ ಬಂದಿತು. ಆದರೆ ಆ ಪಾತ್ರೆಯಲ್ಲಿ ಯಾರೂ ಕಾಣದ ನಾಲ್ಕನೆಯ ಜೀವಿಯೊಂದು ದುಡಿಯುತ್ತಿದ್ದಿತು. ಅದರ ಗುಟ್ಟು ಹೊರಬೀಳಲು ಮತ್ತೆ ನಾಲ್ಕು ದಶಕಗಳು ಬೇಕಾದವು.

1890ರ ಸುಮಾರಿಗೆ ರಷ್ಯಾದ ವಿಜ್ಞಾನಿ ಸೆರ್ಗೆಯ್ ವಿನೊಗ್ರಾಡ್‌ಸ್ಕಿಯು ಮಣ್ಣಿನಲ್ಲಿರುವ ಕೆಲವು ಬ್ಯಾಕ್ಟೀರಿಯಗಳು ಅಮೋನಿಯದಿಂದಲೇ ಜೀವನಶಕ್ತಿಯನ್ನು ಪಡೆಯುತ್ತವೆಂದು ತೋರಿಸಿಕೊಟ್ಟನು. ಈ ಕಾರ್ಯ ಎರಡು ಹಂತಗಳಲ್ಲಿ ನಡೆಯುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಗಳು ಅಮೋನಿಯವನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ. ನೈಟ್ರೈಟ್ ಕೂಡ ವಿಷವೇ. ಅದು ಮೀನಿನ ರಕ್ತವನ್ನು ಸೇರಿದರೆ ರಕ್ತವು ಆಮ್ಲಜನಕವನ್ನು ಹೊರುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಮತ್ತೊಂದು ಬಗೆಯವು ಈ ನೈಟ್ರೈಟನ್ನು ನೈಟ್ರೇಟ್ ಆಗಿ ಬದಲಿಸುತ್ತವೆ. ನೈಟ್ರೇಟ್ ಅಷ್ಟೊಂದು ಅಪಾಯಕಾರಿಯಲ್ಲ. ಸಸ್ಯಗಳಿಗೆ ಅದು ಗೊಬ್ಬರ. ಉಳಿದುದನ್ನು ಆಗಾಗ್ಗೆ ಸ್ವಲ್ಪ ನೀರು ಬದಲಿಸಿ ತೆಗೆದುಹಾಕಬಹುದು. ಮೀನುತೊಟ್ಟಿಯಲ್ಲಿ ನಡೆಯುವುದೂ ಇದೇ ಕಾರ್ಯ.

ಇಲ್ಲಿ ಎರಡು ಸಂಗತಿಗಳನ್ನು ಮುಖ್ಯವಾಗಿ ನೆನಪಿಡಬೇಕು. ಮೊದಲನೆಯದಾಗಿ, ಈ ಸೂಕ್ಷ್ಮಜೀವಿಗಳು ಹೆಚ್ಚಾಗಿ ನೀರಿನಲ್ಲಿ ತೇಲಾಡುವುದಿಲ್ಲ. ಮರಳು, ಕಲ್ಲು, ಗಾಜು, ಎಲ್ಲಕ್ಕೂ ಮಿಗಿಲಾಗಿ ಶೋಧಕದ ಸ್ಪಂಜು, ಇವುಗಳ ಮೈಗೆ ಅಂಟಿಕೊಂಡು ಬಾಳುತ್ತವೆ. ಎರಡನೆಯದಾಗಿ, ಇವು ನಿಧಾನವಾಗಿ ಬೆಳೆಯುವ ಜೀವಿಗಳು. ಅನುಕೂಲ ಸನ್ನಿವೇಶದಲ್ಲಿ ಕೆಲವು ಬ್ಯಾಕ್ಟೀರಿಯಗಳು ಇಪ್ಪತ್ತು ನಿಮಿಷಗಳಲ್ಲಿಯೇ ಇಮ್ಮಡಿಯಾದರೆ, ಇವುಗಳಿಗೆ ಹಲವು ಗಂಟೆಗಳೋ ಒಂದು ದಿನವೋ ಹಿಡಿಯುತ್ತದೆ. ಹೊಸ ತೊಟ್ಟಿಯೊಂದರಲ್ಲಿ ಅವು ತಾವಾಗಿಯೇ ನೆಲೆಗೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳು ಬೇಕು. ನಮ್ಮ ಹುಡುಗನು ಹಳೆಯ ನೀರನ್ನೇನೋ ತಂದಿದ್ದನು. ಆದರೆ ಬದುಕಿನ ಆಧಾರವಿದ್ದ ಸ್ಪಂಜನ್ನೇ ಎಸೆದುಬಿಟ್ಟಿದ್ದನು.

ನಾನು ಇದನ್ನೆಲ್ಲ ವಿವರಿಸುತ್ತಿದ್ದುದನ್ನು ಕೇಳುತ್ತಾ ಕುಳಿತಿದ್ದ ಅವನ ಅಜ್ಜಿ, "ಹಾಗಾದರೆ ಆ ಕಪ್ಪು ಸ್ಪಂಜೇ ಹೆಪ್ಪು ಅನ್ನು. ಹೆಪ್ಪನ್ನು ಚೆಲ್ಲಿ, ಹಂಡೆ ತುಂಬ ಹಾಲು ಕಾಯಿಸಿಟ್ಟರೆ ಮೊಸರಾಗುತ್ತದೆಯೆ ಮಗು?" ಎಂದರು. ಶಾಸ್ತ್ರಗ್ರಂಥಗಳನ್ನು ಓದದ ಆ ಹಿರಿಯರ ಮಾತು ನನ್ನ ವಿವರಣೆಗಿಂತ ಚೆನ್ನಾಗಿತ್ತು.

ಕೂಡಲೆ ಹುಡುಗನು ಮೀನು ಸಾಕಿದ ಗೆಳೆಯನ ಮನೆಗೆ ಓಡಿ, ಬಹುಕಾಲದಿಂದ ಚೆನ್ನಾಗಿ ನಡೆಯುತ್ತಿದ್ದ ತೊಟ್ಟಿಯ ಸ್ಪಂಜಿನ ಒಂದು ತುಂಡನ್ನು ಒದ್ದೆಯಾಗಿಯೇ ತಂದು ತನ್ನ ಶೋಧಕದೊಳಗೆ ಇಟ್ಟನು. ಎರಡು ದಿನ ಮೇವು ಹಾಕುವುದನ್ನು ನಿಲ್ಲಿಸಿ, ಪ್ರತಿದಿನ ನಾಲ್ಕನೆಯ ಒಂದು ಭಾಗದಷ್ಟು ನೀರನ್ನು ಬದಲಿಸಿದನು. ಉಳಿದ ಎರಡು ಮೀನುಗಳು ಬದುಕಿಕೊಂಡವು.

ಹಾಗಾದರೆ ಮೀನುಗಳನ್ನು ದೊಡ್ಡ ತೊಟ್ಟಿಗೆ ಸಾಗಿಸುವ ಸರಿಯಾದ ಕ್ರಮವೇನು? ನೂರು ಲೀಟರ್ ನೀರೆಂದರೆ ನೂರು ಕಿಲೋಗ್ರಾಂ ಭಾರ. ಗಾಜು, ಮರಳುಗಳ ತೂಕ ಬೇರೆ. ಆದುದರಿಂದ ತೊಟ್ಟಿಯನ್ನು ಬಿಸಿಲು ಬೀಳದ ಕಡೆ, ಗಟ್ಟಿಯಾದ ಸಮತಟ್ಟು ಪೀಠದ ಮೇಲೆ ಮೊದಲೇ ಇರಿಸಬೇಕು. ನಲ್ಲಿಯ ನೀರಿನಲ್ಲಿರುವ ಕ್ಲೋರಿನ್ ಮೀನಿನ ಕಿವಿರಿಗೂ ಉಪಕಾರಿ ಸೂಕ್ಷ್ಮಜೀವಿಗಳಿಗೂ ಮಾರಕ. ಬಾಯಗಲದ ಪಾತ್ರೆಯಲ್ಲಿ ನೀರನ್ನು ಒಂದು ದಿನ ನಿಲ್ಲಿಸಿದರೆ ಕ್ಲೋರಿನ್ ಬಹುಮಟ್ಟಿಗೆ ಹೊರಟುಹೋಗುತ್ತದೆ. ಹಳೆಯ ಶೋಧಕವನ್ನು ಹೊಸ ತೊಟ್ಟಿಯಲ್ಲಿ ಹೊಸದರ ಜೊತೆಗೇ ಕೆಲವು ವಾರ ನಡೆಯಿಸಬೇಕು. ಹಳೆಯ ಮರಳನ್ನೂ ಒಂದಿಷ್ಟು ಸೇರಿಸಬೇಕು. ಸ್ಪಂಜನ್ನು ಎಂದಿಗೂ ನಲ್ಲಿಯ ಕೆಳಗೆ ಹಿಂಡಬಾರದು. ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಮೆಲ್ಲಗೆ ಅದ್ದಿ ತೊಳೆಯಬೇಕು. ಸಾಗಣೆಯ ವೇಳೆ ಅದು ಒಣಗಲೂಬಾರದು.

ಮೀನನ್ನು ಹಳೆಯ ನೀರಿನೊಡನೆ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದು, ಆ ಚೀಲವನ್ನು ಹೊಸ ತೊಟ್ಟಿಯಲ್ಲಿ ಕಾಲು ಗಂಟೆ ತೇಲಬಿಟ್ಟರೆ ಎರಡು ನೀರುಗಳ ಉಷ್ಣತೆ ಒಂದಾಗುತ್ತದೆ. ಬಳಿಕ ಹೊಸ ನೀರನ್ನು ಸ್ವಲ್ಪಸ್ವಲ್ಪವಾಗಿ ಚೀಲದೊಳಕ್ಕೆ ಬೆರೆಸುತ್ತಾ ಹೋದರೆ ನೀರಿನ ಗಡಸುತನ, ಆಮ್ಲೀಯತೆಗಳ ವ್ಯತ್ಯಾಸಕ್ಕೆ ಮೀನು ಹೊಂದಿಕೊಳ್ಳುತ್ತದೆ. ಅನಂತರ ಬಲೆಯಿಂದ ಮೀನನ್ನು ಮೃದುವಾಗಿ ಎತ್ತಿ ಬಿಡಬೇಕು. ಮೊದಲ ಕೆಲವು ದಿನ ದೀಪವನ್ನು ಮಂದವಾಗಿರಿಸಿ, ಮೇವನ್ನು ಮಿತವಾಗಿ ಹಾಕುವುದು ಲೇಸು. ಸ್ಥಳ ವಿಶಾಲವಾಯಿತೆಂದು ಒಡನೆಯೇ ಹತ್ತಾರು ಹೊಸ ಮೀನುಗಳನ್ನು ತರುವುದಂತೂ ಸಲ್ಲದು.

ಇಷ್ಟು ಎಚ್ಚರ ವಹಿಸಿದರೆ ದೊಡ್ಡ ತೊಟ್ಟಿ ಮೀನಿಗೆ ನಿಜವಾದ ಭಾಗ್ಯ. ಹೆಚ್ಚು ನೀರಿನಲ್ಲಿ ಕಲ್ಮಷ ತೆಳುವಾಗುತ್ತದೆ. ಹಗಲಿರುಳಿನ ಉಷ್ಣತೆ ಥಟ್ಟನೆ ಏರಿಳಿಯುವುದಿಲ್ಲ. ಅಗಲವಾದ ಮೇಲ್ಮೈಯಿಂದ ಆಮ್ಲಜನಕ ಧಾರಾಳವಾಗಿ ಕರಗುತ್ತದೆ. ನಮ್ಮ ಮನೆಯ ಆ ಎರಡು ಮೀನುಗಳು ಈಗ ಅಂಗೈಯುದ್ದ ಬೆಳೆದಿವೆ. ತಿಂಗಳಿಗೊಮ್ಮೆ ಹುಡುಗನು ಸ್ಪಂಜನ್ನು ಹೊರತೆಗೆಯುತ್ತಾನೆ. ಅದು ಮೊದಲಿನಂತೆಯೇ ಕಪ್ಪಾಗಿರುತ್ತದೆ. ಅವನೀಗ ಅದನ್ನು ಕೊಳಕೆಂದು ಕರೆಯುವುದಿಲ್ಲ. ತೊಟ್ಟಿಯ ನೀರಿನಲ್ಲಿ ಒಮ್ಮೆ ಅದ್ದಿ, ಜೋಪಾನವಾಗಿ ಮತ್ತೆ ಅದರ ಸ್ಥಳದಲ್ಲಿಯೇ ಇಡುತ್ತಾನೆ.